ಗೇನ್, ಇಕ್ವಲೈಸರ್, ಹೈ-ಪಾಸ್: ಇವಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ರೆಕಾರ್ಡಿಂಗ್ ಕಲಿಯುವವರಿಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮೈಕ್ ಪ್ರಿಆಂಪ್‌ ಅಧ್ಯಾಯದಲ್ಲಿ ಕೆಲವು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕು. ಪ್ರಿಆಂಪ್ ಅಂದರೆ ಮೈಕಿನಿಂದ ಬರುವ ಪುಟ್ಟ ವಿದ್ಯುತ್ತನ್ನು ದೊಡ್ಡದು ಮಾಡುವ ಯಂತ್ರ.

ಉದಾಹರಣೆಗೆ ನೀವ್ (Neve) ಕಂಪನಿಯ 1073 ಡಿಪಿಎಕ್ಸ್ ಪೆಟ್ಟಿಗೆಯನ್ನು ತೆಗೆದುಕೊಂಡಿದ್ದೇನೆ. ಇದರಲ್ಲಿ ಎರಡು ಚಾನಲ್, ಅಂದರೆ ದನಿ ಸಾಗುವ ಎರಡು ದಾರಿ. ಒಂದೊಂದಕ್ಕೂ ತನ್ನದೇ ಪ್ರಿಆಂಪ್, ತನ್ನದೇ ಇಕ್ವಲೈಸರ್. ಮೂಲ 1073 ಬಂದದ್ದು 1970ರಲ್ಲಿ, ಇಂಗ್ಲೆಂಡಿನ ರೂಪರ್ಟ್ ನೀವ್ ಅವರ ಕಂಪನಿಯಿಂದ. ಲಂಡನ್ನಿನ ವೆಸೆಕ್ಸ್ ಸ್ಟುಡಿಯೊದ ದನಿ ಬೆರೆಸುವ ಮೇಜಿಗೆ, ಅಂದರೆ ಕನ್ಸೋಲ್‌ಗೆಂದು ಮಾಡಿದ್ದು. ಈಗ ಅದನ್ನೇ ಹೋಲುವ ಪೆಟ್ಟಿಗೆಗಳು, ಕಂಪ್ಯೂಟರ್ ಪ್ಲಗಿನ್‌ಗಳು ಎಲ್ಲ ಕಡೆ ಸಿಗುತ್ತವೆ. ಇದರ ನಾಬ್‌ಗಳು ಅರ್ಥವಾದರೆ ಉಳಿದ ಪೆಟ್ಟಿಗೆಗಳೂ ಅರ್ಥವಾಗುತ್ತವೆ ಅಂತ ಇದನ್ನೇ ಆರಿಸಿಕೊಂಡೆ.

ಮೈಕ್, ಪ್ರಿಆಂಪ್, ಚಾನಲ್ ಈ ಮೂರನ್ನು ಹಾಗೇ ಬಿಡುತ್ತಿದ್ದೇನೆ. ‘ಪೂರ್ವವರ್ಧಕ’ ಅನ್ನುವ ಪದವನ್ನು ಕಟ್ಟಬಹುದು, ನಿಜ. ಆದರೆ ನಮ್ಮಲ್ಲಿ ‘ಧ್ವನಿವರ್ಧಕ’ ಅಂದರೆ ಜಾತ್ರೆಯಲ್ಲಿ, ಚುನಾವಣೆ ಪ್ರಚಾರದಲ್ಲಿ ಕಟ್ಟುವ ಲೌಡ್‌ಸ್ಪೀಕರ್. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಅದನ್ನು ಹಾಕಬಾರದು ಅನ್ನುವ ನಿಯಮದ ಸುದ್ದಿಯಲ್ಲೂ ಇದೇ ಪದ. ಪೂರ್ವವರ್ಧಕ ಅಂತ ಓದಿದವರಿಗೆ ಮೊದಲು ಕಣ್ಣ ಮುಂದೆ ಬರುವುದು ಆ ಹಾರ್ನೇ. ಪ್ರಿಆಂಪ್‌ನಿಂದ ದನಿ ಹೊರಗೆ ಕೇಳುವುದೇ ಇಲ್ಲ. ಅದರ ಕೆಲಸ ತಂತಿಯೊಳಗೇ ಮುಗಿಯುತ್ತದೆ.

ನನಗೆ ಮುಖ್ಯವಾಗಿರುವುದು ಪೆಟ್ಟಿಗೆಯ ಹೆಸರಲ್ಲ. ನಾಬ್ ತಿರುಗಿಸಿದಾಗ ಕಿವಿಗೆ ಏನಾಗುತ್ತದೆ ಅನ್ನುವುದನ್ನು ಹೇಳುವ ಪದ. ಅದು ಕನ್ನಡದಲ್ಲೇ ಇರಬೇಕು ಅಂತ ನನ್ನ ಆಸೆ. ಕಲಿಯುವವರು ಕೇಳುವುದು ಕನ್ನಡದ ಕಿವಿಯಲ್ಲಿ ಅಲ್ವಾ?

ಮೊದಲು ಗೇನ್. ಇದನ್ನು ಎಲ್ಲರೂ ವಾಲ್ಯೂಮ್ ಅಂದುಕೊಳ್ಳುತ್ತಾರೆ. ‘ದನಿ ಏರಿಸುವ ನಾಬ್’ ಅಂತ ಬರೆದರೆ ಆ ಗೊಂದಲ ಇನ್ನೂ ಗಟ್ಟಿಯಾಗುತ್ತದೆ. ಮೈಕಿನಿಂದ ಬರುವ ವಿದ್ಯುತ್ತು ಒಂದು ವೋಲ್ಟಿನ ಸಾವಿರದಲ್ಲಿ ಕೆಲವೇ ಪಾಲು. ಸ್ಟುಡಿಯೊದ ಮುಂದಿನ ಯಂತ್ರಗಳಿಗೆ ಬೇಕಾದದ್ದು ಸುಮಾರು 1.23 ವೋಲ್ಟ್. ಅಷ್ಟು ಬರುವ ಹಾಗೆ ಗುಣಿಸುವುದು ಪ್ರಿಆಂಪ್ ಕೆಲಸ. 20 ಡೆಸಿಬೆಲ್ ಅಂದರೆ 10 ಪಟ್ಟು, 60 ಅಂದರೆ 1,000 ಪಟ್ಟು, 80 ಅಂದರೆ 10,000 ಪಟ್ಟು. 1073ರ ಕೆಂಪು ನಾಬ್ ಐದೈದು ಡೆಸಿಬೆಲ್ ಹೆಜ್ಜೆಯಲ್ಲಿ ಮೈಕಿಗೆ 80ರವರೆಗೂ ಹೋಗುತ್ತದೆ. ಅತಿಯಾದರೆ ದನಿ ಒಡೆಯುತ್ತದೆ. ಒಡೆದ ಮೇಲೆ ವಾಲ್ಯೂಮ್ ಎಷ್ಟು ಕಮ್ಮಿ ಮಾಡಿದರೂ ಒಡಕು ಹೋಗುವುದಿಲ್ಲ, ಮೆಲ್ಲಗೆ ಒಡೆದ ದನಿ ಕೇಳುತ್ತದೆ ಅಷ್ಟೆ.

ಇದನ್ನು ವಿವರಿಸುವಾಗ ‘ಪಟ್ಟು’ ಅನ್ನುವ ಪದ ತಾನಾಗಿ ಬಂತು. ಗೇನ್ ಅಂದರೆ ಎಷ್ಟು ಪಟ್ಟು ಅನ್ನುವುದೇ. ‘ಪಟ್ಟು ಏರಿಸಿ’, ‘ಈ ಮೈಕಿಗೆ ಪಟ್ಟು ಜಾಸ್ತಿ ಬೇಕು’ ಅಂತ ಬರೆದು ನೋಡಿದೆ. ನನಗೆ ಹಿಡಿಸಿತು. ಆದರೆ ‘ಪಟ್ಟು ಹಿಡಿ’ ಅಂದರೆ ಹಟ. ಕುಸ್ತಿಯಲ್ಲಿ ಪಟ್ಟು ಅಂದರೆ ಬೇರೆ. ಓದುವಾಗ ಆ ಅರ್ಥಗಳು ಅಡ್ಡ ಬರುತ್ತವೆಯೇ? ನಿಮಗೆ ಹೇಗನಿಸುತ್ತದೆ ಹೇಳಿ.

ಹೆಚ್ಚು ಯೋಚನೆಗೆ ಹಚ್ಚಿದ್ದು ಇಕ್ವಲೈಸರ್. ‘ಸಮಕಾರಿ’ ಅಂತ ಬರೆದರೆ ಹುಟ್ಟಿಗೆ ಸರಿಯಾಗುತ್ತದೆ. ಹಿಂದೆ ಟೆಲಿಫೋನಿನ ಉದ್ದ ತಂತಿಯಲ್ಲಿ ಕೀಚಲು ದನಿ ಸೊರಗುತ್ತಿತ್ತು. ಅದನ್ನು ಮತ್ತೆ ಸಮ ಮಾಡಲು ಬಂದದ್ದು ಈ ಸಲಕರಣೆ. ಸ್ಟುಡಿಯೊದಲ್ಲಿ ಈಗ ಸಮ ಮಾಡುವುದಕ್ಕಿಂತ ಬೇಕಾದ ಕಡೆ ಏರಿಸಲು, ಬೇಡದ ಕಡೆ ಇಳಿಸಲು ಬಳಸುತ್ತಾರೆ. ಪಾಕಕ್ಕೆ ಹದ ಇರುವಂತೆ ದನಿಗೂ ಹದ ಇದೆ. ಹಾಗಾಗಿ ‘ದನಿಹದ’ ಅಂತ ಕರೆದರೆ ಕೆಲಸಕ್ಕೆ ಹತ್ತಿರ ಅನ್ನಿಸುತ್ತದೆ.

ಒಳಗಿನ ಪದಗಳಲ್ಲಿ ತೊಡಕಿದೆ. ಲೋ, ಮಿಡ್, ಹೈ ಈ ಮೂರಕ್ಕೆ ಮಂದ್ರ, ಮಧ್ಯ, ತಾರ ಅಂತ ಹಾಕಿ ಅಂತ ಸಂಗೀತ ಬಲ್ಲ ಗೆಳೆಯರು ಹೇಳಿದರು. ಕೇಳಲು ಚೆನ್ನಾಗಿದೆ. ಆದರೆ ಲೆಕ್ಕ ಹೊಂದುವುದಿಲ್ಲ. ಸಿ ಶ್ರುತಿಯಲ್ಲಿ ಹಾಡುವ ಗಂಡಸಿನ ಮಧ್ಯಸ್ಥಾಯಿ ಷಡ್ಜ ಸುಮಾರು 131 ಹರ್ಟ್ಜ್, ಅಂದರೆ ಸೆಕೆಂಡಿಗೆ 131 ಕಂಪನ. ತಾರಷಡ್ಜ ಅದರ ಎರಡರಷ್ಟು, ಅಂದರೆ 262. ತಾರಸ್ಥಾಯಿಯ ಕೊನೆಗೆ ಹೋದರೂ 523. ಈಗ 1073ರ ನಾಬ್ ನೋಡಿ. ಲೋ ಅಂದರೆ 35, 60, 110, 220. ಮಿಡ್ ಅಂದರೆ 360, 700, 1,600, 3,200, 4,800, 7,200. ಹೈ ಅಂದರೆ 12,000. ಹಾಡುವವರ ತಾರಸ್ಥಾಯಿ ಈ ಪೆಟ್ಟಿಗೆಯ ಮಿಡ್ ಶುರುವಾಗುವ ಕಡೆ ಇದೆ! 12,000 ಹರ್ಟ್ಜ್‌ನಲ್ಲಿ ಯಾರೂ ಸ್ವರ ಹಾಡುವುದಿಲ್ಲ. ಅಲ್ಲಿ ಇರುವುದು ಉಸಿರಿನ ಸದ್ದು, ತಂಬೂರಿ ತಂತಿಯಡಿ ನೂಲು ಕೂಡಿಸಿದಾಗ ಬರುವ ಝೇಂಕಾರದ ತುದಿ, ತಾಳದ ಕಿಣಿಕಿಣಿ. ‘ತಾರ ಏರಿಸಿ’ ಅಂತ ಬರೆದರೆ ಕಛೇರಿಯಲ್ಲಿ ಹಾಡುವವರು ಬೇರೆಯದೇ ತಿಳಿಯುತ್ತಾರೆ. ಸಂಗೀತದಲ್ಲಿ ನೆಲೆನಿಂತ ಪದವನ್ನು ಎಳೆದು ತರುವುದು ಬೇಡ ಅನ್ನುವುದು ನನ್ನ ನಿಲುವು. ಶ್ರುತಿಯೂ ಹಾಗೆಯೇ.

‘ಏರು’, ‘ತಗ್ಗು’ ಕೂಡ ಆಗುವುದಿಲ್ಲ. ‘ದನಿ ತಗ್ಗಿಸು’ ಅಂದರೆ ಮೆಲ್ಲಗೆ ಮಾತಾಡು ಅಂತ ತಿಳಿಯುವವರೇ ಹೆಚ್ಚು. ಅದು ಜೋರು ಮೆಲ್ಲದ ಮಾತು, ಹರ್ಟ್ಜ್ ಮಾತಲ್ಲ.

ನಮ್ಮ ಮಾತಿನಲ್ಲಿ ದಪ್ಪ ದನಿ, ಸಣ್ಣ ದನಿ ಅಂತ ಇದ್ದೇ ಇದೆ. ಅಜ್ಜನ ದನಿ ದಪ್ಪ, ಮಗುವಿನದು ಸಣ್ಣ. ಇದು ಹರ್ಟ್ಜ್‌ಗೆ ಸರಿಯಾಗಿ ಹೊಂದುತ್ತದೆ. ಹಾಗಾಗಿ ದಪ್ಪ, ನಡು, ಸಣ್ಣ ಅಂತ ಇಟ್ಟಿದ್ದೇನೆ. ‘ದಪ್ಪ 110ರಲ್ಲಿ ಸ್ವಲ್ಪ ಇಳಿಸಿ.’ ‘ನಡು 700, 1,600ರ ಕಡೆ ಜಾಸ್ತಿಯಾದರೆ ಮೂಗಿನಿಂದ ಹಾಡಿದ ಹಾಗೆ ಕೇಳುತ್ತದೆ.’ ಹೀಗೆ ಬರೆದರೆ ಯಾರಿಗೂ ತಡವರಿಸಬೇಕಾಗಿಲ್ಲ. ಒಂದೇ ಅನುಮಾನ: ‘ಸಣ್ಣ ದನಿ’ ಅಂದರೆ ಕ್ಷೀಣ ದನಿ ಅಂತ ತಿಳಿಯುವ ಕಡೆಗಳೂ ಇರಬಹುದು. ನಿಮ್ಮ ಊರಿನಲ್ಲಿ ಹೇಗೆ? ಧಾರವಾಡ, ಕಲಬುರಗಿ ಕಡೆಯವರು, ಕರಾವಳಿಯವರು ದಯವಿಟ್ಟು ಬರೆಯಿರಿ.

ಶೆಲ್ಫ್ ಮತ್ತು ಪೀಕ್ ಬಗ್ಗೆಯೂ ಕೇಳಬೇಕು. 12,000ದ ನಾಬ್ ಏರಿಸಿದರೆ ಅಲ್ಲಿಂದ ಮೇಲಿರುವುದೆಲ್ಲ ಒಟ್ಟಿಗೆ ಏರಿ ಚಪ್ಪಟೆಯಾಗಿ ನಿಲ್ಲುತ್ತದೆ. ಇದಕ್ಕೆ ‘ಜಗಲಿ’ ಅಂದೆ. ನಡುವಿನ ನಾಬ್ ಆರಿಸಿದ ಜಾಗದ ಸುತ್ತ ಮಾತ್ರ ಉಬ್ಬಿಸುತ್ತದೆ. ಇದು ‘ದಿಬ್ಬ’. ಚಿತ್ರ ಬರೆದು ತೋರಿಸಿದಾಗ ಎರಡೂ ಚೆನ್ನಾಗಿ ಕೂರುತ್ತವೆ. ಇಳಿಸಿದಾಗ ದಿಬ್ಬ ಹೋಗಿ ಹಳ್ಳವಾಗುತ್ತದೆ, ಸರಿ. ಇಳಿದ ಜಗಲಿಗೆ ಏನನ್ನಬೇಕು? ನನಗೆ ಹೊಳೆದಿಲ್ಲ.

ಹೈ-ಪಾಸ್ ಫಿಲ್ಟರ್‌ಗೆ ‘ದಪ್ಪತಡೆ’ ಅಂತ ಇಟ್ಟಿದ್ದೇನೆ. ಇಂಗ್ಲಿಷ್ ಹೆಸರು ಏನನ್ನು ಒಳಗೆ ಬಿಡುತ್ತದೆ ಅಂತ ಹೇಳುತ್ತದೆ. ಕಲಿಯುವವರಿಗೆ ಬೇಕಾದದ್ದು ಏನನ್ನು ತಡೆಯುತ್ತದೆ ಅನ್ನುವುದು. ಫ್ಯಾನಿನ ಗುಂಯ್ ಸದ್ದು, ನೆಲದ ಮೇಲಿನ ಹೆಜ್ಜೆ ಸದ್ದು ಇಂಥವನ್ನು 50, 80, 160 ಇಲ್ಲವೇ 300 ಹರ್ಟ್ಜ್‌ನಿಂದ ಕೆಳಗೆ ಕಡಿಯುತ್ತದೆ.

ಇನ್ನೊಂದು ಗುಂಡಿ ಫೇಸ್. ತ್ರೀ ಫೇಸ್ ಕರೆಂಟ್ ಅನ್ನುವ ಮಾತು ಪಂಪ್‌ಸೆಟ್ ಇರುವ ಪ್ರತಿ ರೈತರಿಗೂ ಗೊತ್ತು. ಇದು ಆ ಲೆಕ್ಕವಲ್ಲ. ಮೃದಂಗದ ಎರಡು ಮುಖಕ್ಕೆ ಎರಡು ಮೈಕ್ ಇಟ್ಟು ಎರಡು ಚಾನಲ್‌ಗೆ ಕೊಟ್ಟಿದ್ದೀರಿ ಅನ್ನಿ. ಒಂದರ ಅಲೆ ಇನ್ನೊಂದರ ಅಲೆಯನ್ನು ಕಳೆದುಹಾಕಿ ದಪ್ಪ ದನಿ ಬಡವಾಗುವುದುಂಟು. ಆಗ ಒಂದು ಚಾನಲ್‌ನಲ್ಲಿ ಈ ಗುಂಡಿ ಒತ್ತಿದರೆ ಅಲೆಯ ಏರು ಇಳಿತವಾಗುತ್ತದೆ, ಇಳಿತ ಏರಾಗುತ್ತದೆ. ‘ಅದಲುಬದಲು ಗುಂಡಿ’ ಅನ್ನೋಣವೇ?

ಮೈಕಿನ ತಂತಿಯಲ್ಲೇ ಮೈಕಿಗೆ ವಿದ್ಯುತ್ತು ಕಳಿಸುವ 48 ವೋಲ್ಟಿನ ಫ್ಯಾಂಟಮ್ ಪವರ್ ಅನ್ನು ಫ್ಯಾಂಟಮ್ ಅಂತಲೇ ಬಿಟ್ಟಿದ್ದೇನೆ. ಅದನ್ನು ಭೂತ ಮಾಡುವುದು ಬೇಡ.

ಮೈಸೂರಿನಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ಶುರು ಮಾಡಿದ ಬಾನುಲಿಯಿಂದ ಹಿಡಿದು ಇಂದಿನವರೆಗೆ ಕನ್ನಡ ನಾಡಿನ ಸ್ಟುಡಿಯೊಗಳಲ್ಲಿ ಹಾಡು, ಮಾತು, ನಾಟಕ ಎಲ್ಲ ದಾಖಲಾಗಿವೆ. ಗಾಜಿನ ಆಚೆ ಕೂತು ಈ ನಾಬ್ ತಿರುಗಿಸಿದವರು ತಮ್ಮತಮ್ಮಲ್ಲಿ ಏನೋ ಪದಗಳನ್ನು ಆಡಿಕೊಂಡಿರಲೇಬೇಕು. ಅಲ್ಲಿ ಕೆಲಸ ಮಾಡಿದ ಹಿರಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಆ ಪದಗಳನ್ನು ಬರೆದು ತಿಳಿಸಿ. ನಾನು ಕಟ್ಟಿದ ಪದಕ್ಕಿಂತ ಆಡಿ ಪಳಗಿದ ಪದವನ್ನೇ ಕೈಪಿಡಿಗೆ ಹಾಕುತ್ತೇನೆ.