ಜನರೇಟರ್ 5 ಕಿಲೋಹರ್ಟ್ಸ್ ದೂರ, ಗೆರೆಗಳು 3 ಕಿಲೋಹರ್ಟ್ಸ್ ಅಂತರ: ಇಂಜೆಕ್ಷನ್ ಲಾಕಿಂಗ್ ಪ್ರಯೋಗದಲ್ಲಿ ಒಂದು ಸಂದೇಹ

ಪ್ರಶ್ನೆ: ತಾಮ್ರದ ಸುರುಳಿ

ಎಲ್ಲರಿಗೂ ನಮಸ್ಕಾರ. ನಾನು ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಶನ್ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿ. ತನ್ನ ಪಾಡಿಗೆ ನಡೆಯುತ್ತಿರುವ ಆಸಿಲೇಟರಿಗೆ ಹೊರಗಿನಿಂದ ಸಣ್ಣ ಸಿಗ್ನಲೊಂದನ್ನು ಕೊಟ್ಟು, ಅದು ತನ್ನ ಸ್ವಂತ ಆವೃತ್ತಿಯನ್ನು ಬಿಟ್ಟು ಆ ಸಿಗ್ನಲಿನ ಆವೃತ್ತಿಯನ್ನೇ ಹಿಡಿಯುವಂತೆ ಮಾಡುವ ಇಂಜೆಕ್ಷನ್ ಲಾಕಿಂಗನ್ನು ಕಣ್ಣಾರೆ ನೋಡಬೇಕೆಂದು ಒಂದು ಕಾಲ್ಪಿಟ್ಸ್ ಆಸಿಲೇಟರ್ ಕಟ್ಟಿದ್ದೇನೆ.

ಎಸ್.ಪಿ. ರಸ್ತೆಯಲ್ಲಿ ಕೊಂಡ ಬಿಎಫ್494 ಟ್ರಾನ್ಸಿಸ್ಟರನ್ನು ಕಾಮನ್ ಬೇಸ್ ಜೋಡಣೆಯಲ್ಲಿ ಬಳಸಿದ್ದೇನೆ. ಹಳದಿ ಬಣ್ಣದ ಟಿ50-6 ಟೊರಾಯ್ಡಿನ (ಬಳೆಯಾಕಾರದ ತಿರುಳಿನ) ಮೇಲೆ 16 ಸುತ್ತಿನ ಸುರುಳಿ, 470 ಪಿಕೋಫ್ಯಾರಡಿನ ಎರಡು ಕೆಪಾಸಿಟರ್, 3.3 ಕಿಲೋಓಮಿನ ಎಮಿಟರ್ ರೆಸಿಸ್ಟರ್, 1 ಮಿಲಿಆಂಪಿಯರ್ ಬಯಾಸ್, 12 ವೋಲ್ಟ್ ಸಪ್ಲೈ. ಫ್ಯಾನಿನ ಗಾಳಿಗೆ ಆವೃತ್ತಿ ಸರಿಯುತ್ತಿದ್ದುದರಿಂದ ಬೋರ್ಡನ್ನು ಸ್ಟೀಲ್ ಡಬ್ಬಿಯಿಂದ ಮುಚ್ಚಿ ಅರ್ಧ ಗಂಟೆ ಬಿಟ್ಟ ಮೇಲೆ ಅದು 10.000 ಮೆಗಾಹರ್ಟ್ಸಿನ ಆಸುಪಾಸಿನಲ್ಲಿ ನಿಂತಿತು. ಸಿಗ್ನಲ್ ಜನರೇಟರಿನಿಂದ 0.5 ವೋಲ್ಟ್ ಪೀಕನ್ನು 10 ಕಿಲೋಓಮಿನ ಮೂಲಕ ಟ್ಯಾಂಕಿನ (ಆ ಸುರುಳಿ ಮತ್ತು ಕೆಪಾಸಿಟರುಗಳ ಜೋಡಣೆಯ) ತುದಿಗೆ ಕೊಡುತ್ತಿದ್ದೇನೆ. ಜನರೇಟರ್ ಎರಡೂ ಕಡೆ ಸುಮಾರು 4 ಕಿಲೋಹರ್ಟ್ಸಿನೊಳಗೆ ಇದ್ದರೆ ಆಸಿಲೇಟರ್ ಲಾಕ್ ಆಗುತ್ತದೆ.

ತೊಡಕು ಅದರಾಚೆಗಿನದು. ಜನರೇಟರನ್ನು 9.995ಕ್ಕೆ, ಅಂದರೆ 5 ಕಿಲೋಹರ್ಟ್ಸ್ ಕೆಳಗೆ ಇಟ್ಟಾಗ, ಸಿಗ್ನಲಿನಲ್ಲಿರುವ ಆವೃತ್ತಿಗಳನ್ನು ಗೆರೆಗಳಾಗಿ ತೋರಿಸುವ ಸ್ಪೆಕ್ಟ್ರಮ್ ಅನಲೈಸರಿನಲ್ಲಿ 9.995, 9.998, 10.001, 10.004 ಹೀಗೆ 3 ಕಿಲೋಹರ್ಟ್ಸಿಗೊಂದರಂತೆ ಗೆರೆಗಳು ಕಾಣುತ್ತವೆ, 9.998ರದ್ದು ಎಲ್ಲಕ್ಕಿಂತ ಎತ್ತರವಾಗಿದ್ದು, ಅದರ ಮುಂದಿನವು ಮೆಟ್ಟಿಲಿನಂತೆ ಇಳಿಯುತ್ತವೆ. 9.995ಕ್ಕಿಂತ ಕೆಳಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಆಸಿಲೇಟರಿನ ಸ್ವಂತ ಆವೃತ್ತಿಯಾದ 10.000ರಲ್ಲಿಯೂ ಗೆರೆಯೇ ಇಲ್ಲ! ಅಂತರ 5 ಇದ್ದ ಮೇಲೆ ಬೀಟ್ ಆವೃತ್ತಿಯೂ, ಅಂದರೆ ಎರಡೂ ಕೂಡಿ ಏರಿಳಿಯುವ ಆವೃತ್ತಿಯೂ, 5 ಇರಬೇಕಲ್ಲವೇ? ಉಳಿದ 2 ಕಿಲೋಹರ್ಟ್ಸ್ ಎಲ್ಲಿ ಹೋಯಿತು?

ಉತ್ತರ 1: ಬೆಸುಗೆ ಹೊಗೆ

ನನ್ನ ಊಹೆಯಲ್ಲಿ ಇದು ಮಿಕ್ಸಿಂಗ್. ಟ್ರಾನ್ಸಿಸ್ಟರ್ ಸರಳರೇಖೆಯಲ್ಲಿ ವರ್ತಿಸುವ ಸಾಧನವಲ್ಲವಾದ್ದರಿಂದ ಎರಡು ಸಿಗ್ನಲ್‌ಗಳು ಅದರಲ್ಲಿ ಬೆರೆತು ಇಂಟರ್‌ಮಾಡ್ಯುಲೇಶನ್ ಗೆರೆಗಳು ಹುಟ್ಟಿರಬಹುದು. ಜನರೇಟರಿನ ಮಾಡ್ಯುಲೇಶನ್ ಬಟನ್ ಆನ್ ಆಗಿ ಉಳಿದಿದೆಯೇ ಎಂಬುದನ್ನೂ ಒಮ್ಮೆ ನೋಡಿ. ನನಗೆ ಹಾಗಾಗಿ ಅರ್ಧ ದಿನ ಹಾಳಾಗಿತ್ತು.

ಉತ್ತರ 2: ಹಳೇ ಬೆಂಚು

ಬೆಸುಗೆ ಹೊಗೆಯವರ ಬಟನ್ ಸಲಹೆ ಒಳ್ಳೆಯದೇ, ಆದರೆ ಮಿಕ್ಸಿಂಗ್ ವಿವರಣೆ ಇಲ್ಲಿಗೆ ಹೊಂದುವುದಿಲ್ಲ. 9.995 ಮತ್ತು 10.000 ಬೆರೆತಿದ್ದರೆ ಹುಟ್ಟುವ ಗೆರೆಗಳು 5 ಕಿಲೋಹರ್ಟ್ಸ್ ಅಂತರದಲ್ಲಿ 9.990, 10.005 ಎಂದು ಎರಡೂ ಬದಿಯಲ್ಲಿ ಇರುತ್ತಿದ್ದವು, ಮೂಲದ ಎರಡು ಗೆರೆಗಳೂ ತಮ್ಮ ಜಾಗದಲ್ಲೇ ಉಳಿಯುತ್ತಿದ್ದವು. ಇಲ್ಲಿ ಮೂಲದ ಒಂದು ಗೆರೆಯೇ ಜಾಗ ಬಿಟ್ಟಿದೆ. ಲಾಕ್ ಆಗದಿದ್ದರೂ ಆಸಿಲೇಟರ್ ಜನರೇಟರಿನತ್ತ ಎಳೆಯಲ್ಪಟ್ಟಿದೆ. ಇದನ್ನೇ ಇಂಜೆಕ್ಷನ್ ಪುಲಿಂಗ್ ಎನ್ನುವುದು.

ಶಿಕಾಗೋದ ಜೆನಿತ್ ಕಂಪನಿಯಲ್ಲಿದ್ದ ರಾಬರ್ಟ್ ಆಡ್ಲರ್ 1946ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದಕ್ಕೊಂದು ಚಿಕ್ಕ ಸಮೀಕರಣ ಕೊಟ್ಟರು. (ಟಿವಿಯ ರಿಮೋಟಿನಿಂದಾಗಿ ಜನ ಅವರನ್ನು ಹೆಚ್ಚು ನೆನೆಯುತ್ತಾರೆ, ನಮ್ಮಂಥವರು ಈ ಸಮೀಕರಣಕ್ಕಾಗಿ ನೆನೆಯಬೇಕು.) ಮಾತಿನಲ್ಲಿ ಹೇಳುವುದಾದರೆ ಹೀಗೆ: ಆಸಿಲೇಟರಿಗೂ ಜನರೇಟರಿಗೂ ನಡುವಿನ ಫೇಸ್ (ಒಂದರ ತರಂಗ ಇನ್ನೊಂದರದ್ದಕ್ಕಿಂತ ಎಷ್ಟು ಡಿಗ್ರಿ ಸರಿದಿದೆ ಎಂಬುದು) ಬೆಳೆಯುವ ವೇಗವೆಂದರೆ ಅವೆರಡರ ಸ್ವಾಭಾವಿಕ ಅಂತರದಿಂದ, ಲಾಕ್ ವ್ಯಾಪ್ತಿಯನ್ನು ಆ ಫೇಸಿನ ಸೈನಿನಿಂದ ಗುಣಿಸಿ ಕಳೆದಾಗ ಉಳಿಯುವಷ್ಟು. ಸೈನ್ 1ನ್ನು ಮೀರದ ಕಾರಣ, ಅಂತರವು ಲಾಕ್ ವ್ಯಾಪ್ತಿಗಿಂತ ಕಡಿಮೆಯಿದ್ದರೆ ಎಲ್ಲೋ ಒಂದು ಕೋನದಲ್ಲಿ ವೇಗ ಸೊನ್ನೆಯಾಗಿ ಫೇಸ್ ಅಲ್ಲೇ ನಿಲ್ಲುತ್ತದೆ, ಅದೇ ಲಾಕ್.

ನಿಮ್ಮ ಅಂತರ 5, ವ್ಯಾಪ್ತಿ 4. ಆದ್ದರಿಂದ ಫೇಸಿನ ವೇಗ ಎಲ್ಲಿಯೂ ಸೊನ್ನೆಯಾಗುವುದಿಲ್ಲ, ಆದರೆ 90 ಡಿಗ್ರಿಯ ಬಳಿ 5ರಲ್ಲಿ 4 ಕಳೆದು 1ಕ್ಕೆ ಇಳಿಯುತ್ತದೆ, 270ರ ಬಳಿ 9ಕ್ಕೆ ಏರುತ್ತದೆ. ಘಾಟಿಯನ್ನು ಗಂಟೆಗೆ 20 ಕಿಲೋಮೀಟರಿನಂತೆ ಹತ್ತಿ ಅದೇ ದೂರವನ್ನು 60ರಂತೆ ಇಳಿದ ಬಸ್ಸಿನ ಸರಾಸರಿ ವೇಗ 40 ಅಲ್ಲ, 30; ಏಕೆಂದರೆ ಬಸ್ಸು ಹೆಚ್ಚು ಹೊತ್ತು ಕಳೆಯುವುದು ಹತ್ತುವ ದಾರಿಯಲ್ಲಿ. ಇಲ್ಲಿಯೂ ಹಾಗೆಯೇ, ಫೇಸ್ 90 ಡಿಗ್ರಿಯ ಬಳಿ ತೆವಳುತ್ತ ಹೆಚ್ಚು ಕಾಲ ಕಳೆದು, ಉಳಿದ ಸುತ್ತನ್ನು ಓಡಿ ಮುಗಿಸುತ್ತದೆ. ಲೆಕ್ಕ ಹಾಕಿದರೆ ಸರಾಸರಿ ವೇಗವು ಕನಿಷ್ಠ ಮತ್ತು ಗರಿಷ್ಠ ವೇಗಗಳ ಗುಣಲಬ್ಧದ ವರ್ಗಮೂಲಕ್ಕೆ ಸಮನಾಗುತ್ತದೆ: 1 ಗುಣಿಸು 9, ವರ್ಗಮೂಲ 3. ಕಳೆದುಹೋಯಿತೆಂದು ನೀವು ಹುಡುಕುತ್ತಿರುವ 2 ಕಿಲೋಹರ್ಟ್ಸ್ ಆ ತೆವಳುವ ಭಾಗದಲ್ಲಿದೆ.

ಗೆರೆಗಳು ಒಂದೇ ಬದಿಗೆ ಬೀಳುವುದೂ ಇದರಿಂದಲೇ. ಫೇಸ್ ಒಂದೇ ದಿಕ್ಕಿನಲ್ಲಿ, ಆದರೆ ಏರಿಳಿಯುವ ವೇಗದಲ್ಲಿ ಸುತ್ತುವುದರಿಂದ ಉಂಟಾಗುವ ತರಂಗವನ್ನು ಬಿಡಿಸಿದರೆ ಜನರೇಟರಿನ ಗೆರೆಯೇ ಅಂಚಾಗಿ, ಉಳಿದವೆಲ್ಲ ಆಸಿಲೇಟರ್ ಇರುವ ಕಡೆಗೆ ಸಾಲುಗಟ್ಟುತ್ತವೆ. ಅಂತರದಿಂದ ಬೀಟನ್ನು ಕಳೆದು ವ್ಯಾಪ್ತಿಯಿಂದ ಭಾಗಿಸಿ, 5ರಲ್ಲಿ 3 ಹೋದರೆ 2, ಅದನ್ನು 4ರಿಂದ ಭಾಗಿಸಿದರೆ 0.5. ಅತಿ ಎತ್ತರದ ಗೆರೆಯಿಂದಾಚೆಗೆ ಪ್ರತಿಯೊಂದೂ ಹಿಂದಿನದರ ಅರ್ಧ, ಅಂದರೆ 6 ಡೆಸಿಬಲ್ ತಗ್ಗಬೇಕು. 9.995ರ ಗೆರೆ ಮಾತ್ರ ಎತ್ತರದ್ದಕ್ಕಿಂತ ಸುಮಾರು 3.5 ಡೆಸಿಬಲ್ ಕೆಳಗಿರಬೇಕು. ನಿಮ್ಮ ಪರದೆಯ ಮೆಟ್ಟಿಲುಗಳನ್ನು ಅಳೆದು ನೋಡಿ.

ಇನ್ನು 4 ಕಿಲೋಹರ್ಟ್ಸ್ ಬಂದದ್ದಾದರೂ ಎಲ್ಲಿಂದ? ಆಡ್ಲರ್ ಪ್ರಕಾರ ಲಾಕ್ ವ್ಯಾಪ್ತಿ ಒಂದೊಂದು ಬದಿಗೆ, ಆಸಿಲೇಟರಿನ ಆವೃತ್ತಿಯನ್ನು ಟ್ಯಾಂಕಿನ ಕ್ಯೂ ಮೌಲ್ಯದ (ನಷ್ಟ ಕಡಿಮೆಯಾದಷ್ಟೂ ಹೆಚ್ಚುವ ಸಂಖ್ಯೆಯ) ಎರಡರಷ್ಟರಿಂದ ಭಾಗಿಸಿ, ಅದನ್ನು ಇಂಜೆಕ್ಷನ್ ಕರೆಂಟಿಗೂ ಆಂದೋಲನದ ಕರೆಂಟಿಗೂ ಇರುವ ಅನುಪಾತದಿಂದ ಗುಣಿಸಿದಷ್ಟು. ನಿಮ್ಮ ಇಂಜೆಕ್ಷನ್ 50 ಮೈಕ್ರೋಆಂಪಿಯರ್. ಆಂದೋಲನದ ಕರೆಂಟನ್ನು ಬಯಾಸಿಗೆ ಸರಿಸುಮಾರು ಸಮವೆಂದು ಹಿಡಿದರೆ ಅನುಪಾತ 20ರಲ್ಲಿ 1. ಆಗ ಕ್ಯೂ ಸುಮಾರು 62 ಬರುತ್ತದೆ. ಹಳದಿ ಟೊರಾಯ್ಡಿನ ಕ್ಯೂ 200ರ ಆಸುಪಾಸಿನಲ್ಲಿರುವಾಗ ಇದು ಕಡಿಮೆಯಾಯಿತು ಎನ್ನಿಸಬಹುದು. ಆದರೆ 1 ಮೈಕ್ರೋಹೆನ್ರಿಯ ಸುರುಳಿ 10 ಮೆಗಾಹರ್ಟ್ಸಿನಲ್ಲಿ 64 ಓಮ್; ಅದರ ಸ್ವಂತ ನಷ್ಟ ಸುಮಾರು 12.8 ಕಿಲೋಓಮಿನ ಸಮಾನಾಂತರ ರೆಸಿಸ್ಟರಿಗೆ ಸಮ. ನಿಮ್ಮ 10 ಕಿಲೋಓಮಿನ ಇಂಜೆಕ್ಷನ್ ರೆಸಿಸ್ಟರೂ ಅದಕ್ಕೆ ಸಮಾನಾಂತರವಾಗಿಯೇ ಕೂತಿದೆ. ಎಮಿಟರಿನ 3.3 ಕಿಲೋಓಮ್ ಎರಡು ಸಮ ಕೆಪಾಸಿಟರುಗಳ ನಡುವೆ ಇರುವುದರಿಂದ ಟ್ಯಾಂಕಿಗೆ ನಾಲ್ಕರಷ್ಟಾಗಿ, 13.2 ಕಿಲೋಓಮಾಗಿ ಕಾಣುತ್ತದೆ. ಮೂರನ್ನೂ ಸಮಾನಾಂತರವಾಗಿ ಸೇರಿಸಿದರೆ ಸುಮಾರು 4 ಕಿಲೋಓಮ್, ಅದನ್ನು 64 ಓಮಿನಿಂದ ಭಾಗಿಸಿದರೆ ಕ್ಯೂ ಸುಮಾರು 62. ಇಷ್ಟು ಅಚ್ಚುಕಟ್ಟಾಗಿ ಹೊಂದಿದ್ದರಲ್ಲಿ ಸ್ವಲ್ಪ ಅದೃಷ್ಟವೂ ಇದೆಯೆನ್ನಿ.

ಸರ್ಕ್ಯೂಟ್ ಸಂಶೋಧಕ ಬೆಹ್ಜಾದ್ ರಜಾವಿಯವರು 2004ರಲ್ಲಿ ಬರೆದ ಲೇಖನದಲ್ಲಿ, ಇಂಜೆಕ್ಷನ್ ದೊಡ್ಡದಾದಾಗ ಆಡ್ಲರ್ ವ್ಯಾಪ್ತಿಗೆ ಮಾಡಬೇಕಾದ ತಿದ್ದುಪಡಿಯಿದೆ. ನಿಮ್ಮ ಅನುಪಾತಕ್ಕೆ ಅದು ಸಾವಿರದಲ್ಲಿ ಒಂದು ಪಾಲಿನಷ್ಟು, ಬಿಟ್ಟುಬಿಡಬಹುದು.

ಒಂದು ಕೆಲಸ ಮಾಡಿ. ಹಲವು ಅಂತರಗಳಲ್ಲಿ ಬೀಟನ್ನು ಅಳೆದು, ಅಂತರದ ವರ್ಗದಿಂದ ಬೀಟಿನ ವರ್ಗವನ್ನು ಕಳೆಯಿರಿ. ಪ್ರತಿ ಸಲವೂ 16ರ ಹತ್ತಿರದ ಸಂಖ್ಯೆಯೇ ಬಂದರೆ ಆಡ್ಲರ್ ನಿಮ್ಮ ಮೇಜಿನ ಮೇಲಿದ್ದಾರೆ ಎಂದರ್ಥ.

ಉತ್ತರ 3: ಹುಬ್ಬಳ್ಳಿ ಮೆಕ್ಯಾನಿಕ್

ನಾನು ಸಮೀಕರಣದವನಲ್ಲ, ಕಪ್ಪು-ಬಿಳುಪು ಟಿವಿಗಳನ್ನು ರಿಪೇರಿ ಮಾಡುತ್ತಿದ್ದವನು. ಆ ಟಿವಿಗಳ ಹಿಂಬದಿಯಲ್ಲಿದ್ದ ವರ್ಟಿಕಲ್ ಹೋಲ್ಡ್ ಎಂಬ ತಿರುಪು ಕೂಡ ಇದೇ ಜಾತಿಯದು. ಚಿತ್ರ ಮೇಲಕ್ಕೆ ಉರುಳುತ್ತಿರುವಾಗ ತಿರುಪನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ, ಎರಡು ಚಿತ್ರಗಳ ನಡುವಿನ ಕಪ್ಪು ಪಟ್ಟಿ ನಿಧಾನವಾಗಿ ಸರಿದು ಪರದೆಯಾಚೆ ಮರೆಯಾಗಿ, ಚಿತ್ರ ತಟ್ಟನೆ ನಿಲ್ಲುತ್ತಿತ್ತು. ದೂರದರ್ಶನದ ಪ್ರಸಾರದಲ್ಲಿ ಸೆಕೆಂಡಿಗೆ 50 ಫೀಲ್ಡುಗಳಿದ್ದುದರಿಂದ (ಒಂದು ಫೀಲ್ಡೆಂದರೆ ಅರ್ಧ ಚಿತ್ರ) ಟಿವಿಯೊಳಗಿನ ಆಸಿಲೇಟರನ್ನು ಅದಕ್ಕಿಂತ ತುಸು ನಿಧಾನಕ್ಕೆ ಇಡುತ್ತಿದ್ದೆವು. ಅದರ ಕೆಪಾಸಿಟರ್ ಚಾರ್ಜ್ ಆಗಿ ಇನ್ನೇನು ತಿರುಗಬೇಕು ಎನ್ನುವಾಗ ಸಿಂಕ್ ಪಲ್ಸ್ ಬಂದು ತುಸು ಮುಂಚೆಯೇ ತಿರುಗಿಸುತ್ತಿತ್ತು. ಆಸಿಲೇಟರ್ ವೇಗವಾಗಿದ್ದರೆ ಪಲ್ಸ್ ಬರುವ ಮೊದಲೇ ತಿರುಗಿರುತ್ತಿತ್ತು. ಆಗ ಪಲ್ಸಿನಿಂದ ಏನೂ ಉಪಯೋಗವಿರಲಿಲ್ಲ.

ಆದ್ದರಿಂದ ಆ ಲಾಕಿನ ವ್ಯಾಪ್ತಿ ಒಂದೇ ಬದಿಯದು, ನಿಮ್ಮ ಸುರುಳಿಯ ಆಸಿಲೇಟರಿನಂತೆ ಎರಡೂ ಬದಿಯದಲ್ಲ. ಸೆಕೆಂಡಿಗೆ 15,625 ಗೆರೆಗಳ ಹಾರಿಜಾಂಟಲ್ ಭಾಗದಲ್ಲಿ ಮಾತ್ರ ಹೀಗೆ ನೇರವಾಗಿ ಪಲ್ಸ್ ಕೊಟ್ಟರೆ, ಬೀದಿಯಲ್ಲಿ ಸ್ಕೂಟರ್ ಹೋದಾಗ ಬರುವ ಕಿಡಿಯ ಗದ್ದಲವನ್ನೂ ಆಸಿಲೇಟರ್ ಪಲ್ಸೆಂದೇ ನಂಬಿ ಗೆರೆಗಳು ಹರಿದುಹೋಗುತ್ತಿದ್ದವು. ಹಾಗಾಗಿ ಅಲ್ಲಿ ಹಲವು ಪಲ್ಸುಗಳ ಸರಾಸರಿ ನೋಡಿ ತಿದ್ದುವ ಫ್ಲೈವೀಲ್ ಸರ್ಕ್ಯೂಟ್ ಬಂತು.

ಉತ್ತರ 4: ಸಿಲಿಕಾನ್ ಬಿಲ್ಲೆ

ಚಿಪ್ ವಿನ್ಯಾಸದಲ್ಲಿ ಈ ವಿದ್ಯಮಾನ ನಮಗೆ ಕೆಲವೊಮ್ಮೆ ಶತ್ರು, ಕೆಲವೊಮ್ಮೆ ಆಳು. ಟ್ರಾನ್ಸ್‌ಮಿಟರಿನ ಪವರ್ ಆಂಪ್ಲಿಫೈಯರ್ ಹೊರಡಿಸುವ ದೊಡ್ಡ ಸಿಗ್ನಲ್ ಅದೇ ಚಿಪ್ಪಿನ ಆಸಿಲೇಟರಿಗೆ ಸೋರಿದರೆ ನಿಮ್ಮ ಪರದೆಯಲ್ಲಿ ಕಂಡಂಥ ಪುಲಿಂಗ್ ಉಂಟಾಗಿ ಸಿಗ್ನಲ್ ಕೆಡುತ್ತದೆ. ಅದಕ್ಕಾಗಿ ಆಸಿಲೇಟರನ್ನು ಎರಡರಷ್ಟು ಆವೃತ್ತಿಯಲ್ಲಿ ನಡೆಸಿ, ಆಮೇಲೆ ಎರಡರಿಂದ ಭಾಗಿಸಿ ಬಳಸುವುದು ರೂಢಿ. ಇನ್ನೊಂದೆಡೆ, ಎರಡು ಟ್ರಾನ್ಸಿಸ್ಟರುಗಳು ಒಂದನ್ನೊಂದು ನಡೆಸುವ ಕ್ರಾಸ್ ಕಪಲ್ಡ್ ಆಸಿಲೇಟರಿನಲ್ಲಿ, ಆ ಜೋಡಿಗೆ ಕರೆಂಟ್ ಒದಗಿಸುವ ಟೇಲ್ ಟ್ರಾನ್ಸಿಸ್ಟರಿಗೆ ಎರಡರಷ್ಟು ಆವೃತ್ತಿಯ ಸಿಗ್ನಲ್ ಕೊಟ್ಟರೆ ಆಸಿಲೇಟರ್ ಅದರ ಅರ್ಧಕ್ಕೆ ಲಾಕ್ ಆಗುತ್ತದೆ. ಜೋಡಿಯೂ ಟೇಲೂ ಕೂಡುವ ಬಿಂದುವಿನ ವೋಲ್ಟೇಜ್ ಹೇಗೂ ಎರಡರಷ್ಟು ಆವೃತ್ತಿಯಲ್ಲಿ ಆಡುತ್ತಿರುವುದರಿಂದ ಇದು ಸಹಜವಾಗಿಯೇ ಒದಗುತ್ತದೆ. ಫ್ಲಿಪ್‌ಫ್ಲಾಪಿನಿಂದ ಕಟ್ಟಿದ ಡಿವೈಡರ್ ವಿಪರೀತ ಪವರ್ ತಿನ್ನುವಂಥ ಎತ್ತರದ ಆವೃತ್ತಿಗಳಲ್ಲಿ ಇದೇ ಅನುಕೂಲ, ಲಾಕ್ ವ್ಯಾಪ್ತಿ ಕಿರಿದೆಂಬುದೇ ತಲೆನೋವು.

ಹಳೇ ಬೆಂಚಿನವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಲಾಕ್ ಆದ ಮಾತ್ರಕ್ಕೆ ಫೇಸ್ ಸರಿಯಾಯಿತೆಂದು ಭಾವಿಸಬಾರದು. ಅಂತರ 2 ಕಿಲೋಹರ್ಟ್ಸ್ ಇದ್ದರೆ ಆಸಿಲೇಟರ್ 30 ಡಿಗ್ರಿ ಸರಿದು ನಿಲ್ಲುತ್ತದೆ, 4ಕ್ಕೆ 90. ಡಬ್ಬಿಯೊಳಗಿನ ಬಿಸಿಗೆ ಸ್ವಂತ ಆವೃತ್ತಿ ಸರಿಯುತ್ತಿದ್ದರೆ ಅನಲೈಸರಿನಲ್ಲಿ ಗೆರೆ ಕದಲದಿದ್ದರೂ ಒಳಗೊಳಗೇ ಫೇಸ್ ಕದಲುತ್ತಿರುತ್ತದೆ. ಫೇಸನ್ನು ಹೋಲಿಸಿ ಆಸಿಲೇಟರನ್ನು ತಿದ್ದುತ್ತಿರುವ, ಸಾಮಾನ್ಯವಾಗಿ ಬಳಸುವ ಎರಡನೆಯ ದರ್ಜೆಯ ಪಿಎಲ್‌ಎಲ್‌ನಲ್ಲಿ ಇಂಟಿಗ್ರೇಟರ್ ಈ ದೋಷವನ್ನು ಅಳಿಸುತ್ತದೆ, ಇಲ್ಲಿ ಅದಿಲ್ಲ.

ಫೇಸ್ ನಾಯ್ಸ್, ಅಂದರೆ ಫೇಸಿನ ಸಣ್ಣ ಅಡ್ಡಾದಿಡ್ಡಿ ಕದಲಿಕೆ, ಕೂಡ ಹೀಗೆಯೇ. ವ್ಯಾಪ್ತಿಯ ನಡುವಿನಲ್ಲಿದ್ದಾಗ ಕ್ಯಾರಿಯರಿನಿಂದ ಸುಮಾರು 4 ಕಿಲೋಹರ್ಟ್ಸಿನವರೆಗೆ ಜನರೇಟರಿನ ಶುದ್ಧಿಯೇ ಆಸಿಲೇಟರಿಗೆ ಬರುತ್ತದೆ, ಅದರಾಚೆ ಆಸಿಲೇಟರಿನ ಸ್ವಂತ ಗದ್ದಲ. ಅಂತರ 3.9ಕ್ಕೆ ಹೋದರೆ ಆ ರಕ್ಷಣೆ 0.9 ಕಿಲೋಹರ್ಟ್ಸಿಗೆ ಕುಗ್ಗುತ್ತದೆ. ವ್ಯಾಪ್ತಿಯ ಹೊರಗಿನ ಬೀಟಿಗೆ ಬಳಸಿದ ವರ್ಗಮೂಲವೇ ಇಲ್ಲಿಯೂ ಇದೆ, ಕಳೆಯುವ ಕ್ರಮ ಮಾತ್ರ ಅದಲುಬದಲು. ಕ್ಯೂ 50,000 ಇರುವ 10 ಮೆಗಾಹರ್ಟ್ಸಿನ ಕ್ವಾರ್ಟ್ಸ್ ಆಸಿಲೇಟರಿಗೆ ಇದೇ ಅನುಪಾತದಲ್ಲಿ ಕೊಟ್ಟರೆ ಲಾಕ್ ವ್ಯಾಪ್ತಿ ಬರೀ 5 ಹರ್ಟ್ಸ್.

ಮರುಪ್ರತಿಕ್ರಿಯೆ: ತಾಮ್ರದ ಸುರುಳಿ

ಎಲ್ಲರಿಗೂ ಕೃತಜ್ಞತೆಗಳು. ಜನರೇಟರಿನ ಮಾಡ್ಯುಲೇಶನ್ ಆಫ್ ಆಗಿಯೇ ಇತ್ತು. ಇವತ್ತು ಮಧ್ಯಾಹ್ನ ಮತ್ತೆ ಅಳೆದೆ. ಅಂತರ 8.5 ಇದ್ದಾಗ ಬೀಟ್ 7.5 ಬಂದಿತು, ವರ್ಗಗಳನ್ನು ಕಳೆದರೆ 16. ಅಂತರ 5ಕ್ಕೆ ಮೊದಲಿನಂತೆಯೇ 3. ಮೆಟ್ಟಿಲುಗಳು 6 ಡೆಸಿಬಲಿಗೆ ಅರ್ಧ ಡೆಸಿಬಲ್ ಆಚೀಚೆ ಇವೆ. ಅಂತರ 4.1ಕ್ಕೆ ಲೆಕ್ಕದಂತೆ 0.9 ಬರಬೇಕಿತ್ತು, ಒಮ್ಮೆ 0.7, ಒಮ್ಮೆ 1.1, ಇನ್ನೊಮ್ಮೆ ಪೂರ್ತಿ ಲಾಕ್. ಅಂಚಿನಲ್ಲಿ ನೂರು ಹರ್ಟ್ಸ್ ಸರಿದರೂ ಬೀಟ್ ಅಷ್ಟು ಬದಲಾಗುವುದರಿಂದ ತಪ್ಪು ನನ್ನ ಡಬ್ಬಿಯದೆಂದುಕೊಂಡಿದ್ದೇನೆ.

ಎರಡೂ ಸಿಗ್ನಲ್‌ಗಳನ್ನು ಡಯೋಡ್ ಮಿಕ್ಸರಿಗೆ ಕೊಟ್ಟು ಫಿಲ್ಟರ್ ಮಾಡಿ ಸ್ಕೋಪಿನಲ್ಲಿ ಬೀಟನ್ನೇ ನೋಡಿದೆ. ಅಂತರ 8.5 ಇದ್ದಾಗ ಅದು ಹೆಚ್ಚುಕಡಿಮೆ ಸೈನ್ ತರಂಗ. ಅಂಚಿಗೆ ಹತ್ತಿರ ತಂದಂತೆ ಬಹುಪಾಲು ಚಪ್ಪಟೆಯಾಗಿ, ನಡುವೆ ಒಂದು ಮೊನಚಾದ ತಗ್ಗು, ಮತ್ತೆ ಚಪ್ಪಟೆ. ಬಸ್ಸು ಘಾಟಿ ಹತ್ತುವುದೂ ಇಳಿಯುವುದೂ ಹಾಗೆಯೇ ಕಂಡಿತು.

ಕೊನೆಗೆ ಟ್ಯಾಂಕಿಗೆ ಸಮಾನಾಂತರವಾಗಿ 3.9 ಕಿಲೋಓಮ್ ಬೆಸೆದೆ. ಟ್ಯಾಂಕಿನ ವೋಲ್ಟೇಜ್ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಜನರೇಟರನ್ನು ಮುಟ್ಟದೆಯೇ ಲಾಕ್ ವ್ಯಾಪ್ತಿ 4ರಿಂದ ಏಳೂವರೆ ಕಿಲೋಹರ್ಟ್ಸಿಗೆ ಹೋಯಿತು. 8 ಬರಬೇಕಿತ್ತೆಂದು ಲೆಕ್ಕ ಹೇಳುತ್ತದೆ. ಉಳಿದ ಅರ್ಧವನ್ನು ನಾಳೆ ಹುಡುಕುತ್ತೇನೆ.