ಗಂಜಿನ ಲೆಕ್ಕದ ಕೆಲಸದಿಂದ ವರದಿ, ಮ್ಯಾಕ್ರೋ ಕೆಲಸಕ್ಕೆ: 37ನೇ ವಯಸ್ಸಿಗೆ ತಡವಾಯಿತೇ?

ಗಂಜಿನ ಲೆಕ್ಕದಾಕೆ (ಕಲಬುರಗಿ)

ನೆಹರು ಗಂಜಿನ (ನಮ್ಮೂರ ಧಾನ್ಯ ಮಾರುಕಟ್ಟೆ) ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಬಿ.ಕಾಂ. ಮುಗಿಸಿ ಸೇರಿದವಳು, 14 ವರ್ಷವಾಯಿತು. ಟ್ಯಾಲಿ (ಲೆಕ್ಕದ ತಂತ್ರಾಂಶ), ಬ್ಯಾಂಕ್ ತಾಳೆ, ಜಿಎಸ್‌ಟಿ, ಹಮಾಲರ ಬಟವಾಡೆ ಎಲ್ಲವೂ ನನ್ನ ತಲೆಯ ಮೇಲೆಯೇ. ಡಿಸೆಂಬರಿನಲ್ಲಿ ಹೊಸ ತೊಗರಿ ಬರತೊಡಗಿದರೆ ಮನೆಯಲ್ಲಿ ನನ್ನ ಮುಖವನ್ನೇ ಮರೆಯುತ್ತಾರೆ.

ನಮ್ಮ ಸಾಹುಕಾರರಿಗೆ ಸೋಮವಾರ ಬೆಳಿಗ್ಗೆ ಉದ್ರಿ ಬಾಕಿಯ ಪಟ್ಟಿ ಮೇಜಿನ ಮೇಲಿರಬೇಕು: ಯಾರಿಂದ ಎಷ್ಟು ಬರಬೇಕು, 30 ದಿನ ದಾಟಿದ್ದೆಷ್ಟು, 90 ದಾಟಿದ್ದೆಷ್ಟು. ಇದಕ್ಕೆ ಭಾನುವಾರದ ಮಧ್ಯಾಹ್ನ ಪೂರ್ತಿ ಹೋಗುತ್ತಿತ್ತು. ಸಿಟ್ಟಿಗೆ ಎಕ್ಸೆಲ್‌ನಲ್ಲಿ ವಿಬಿಎ ಎಂಬ ಪ್ರೋಗ್ರಾಂ ಭಾಷೆ ಕಲಿತು ಮ್ಯಾಕ್ರೋ (ಕೆಲಸವನ್ನು ತಾನಾಗಿ ಮಾಡುವ ಪುಟ್ಟ ಪ್ರೋಗ್ರಾಂ) ಬರೆದೆ. ಈಗ ಅದು ನಾಲ್ಕು ನಿಮಿಷದ ಕೆಲಸ. ಆ ಮಧ್ಯಾಹ್ನ ಮರಳಿ ಸಿಕ್ಕಿದ ಮೇಲೆ ಈ ಕೆಲಸದ ರುಚಿ ಹತ್ತಿಬಿಟ್ಟಿದೆ. ಬಟವಾಡೆಗೂ ಬರೆದೆ, ಚೀಲಗಳ ದಾಸ್ತಾನಿಗೂ ಬರೆದೆ.

ಮುಚ್ಚಿಡುವುದೇಕೆ, ಮಾನ ಹೋದದ್ದೂ ಇದೆ. ಒಂದು ಸೋಮವಾರ ಜೇವರ್ಗಿಯ ವ್ಯಾಪಾರಿಯೊಬ್ಬರ ಹೆಸರಿನ ಮುಂದೆ ಆರು ಲಕ್ಷ ಬಾಕಿ ಬಂತು. ಸಾಹುಕಾರರು ಫೋನ್ ಮಾಡಿ ಜೋರು ಮಾಡಿದರು. ಆ ಮನುಷ್ಯ ಒಂದು ರೂಪಾಯಿಯನ್ನೂ ಉಳಿಸಿಕೊಂಡಿರಲಿಲ್ಲ. ಆಗಿದ್ದಿಷ್ಟೇ: ಅವರ ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಇತ್ತು, ಹಾಗಾಗಿ ಹೆಸರು ಹುಡುಕಿ ಮೊತ್ತ ತರುವ ಎಕ್ಸೆಲ್ ಸೂತ್ರ ವಿಲುಕಪ್‌ಗೆ ಹೆಸರು ಸಿಗಲಿಲ್ಲ. ದೋಷ ಬಂದರೆ ನಿಲ್ಲದೆ ಮುಂದೆ ಹೋಗು ಎಂದು ನಾನೇ 'ಆನ್ ಎರರ್ ರೆಸ್ಯೂಮ್ ನೆಕ್ಸ್ಟ್' ಹಾಕಿದ್ದೆ. ಅದು ಹಿಂದಿನ ಸಾಲಿನವರ ಮೊತ್ತವನ್ನು ಹಾಗೇ ಹಿಡಿದುಕೊಂಡು ಬಂದು ಇವರ ಕೊರಳಿಗೆ ಕಟ್ಟಿತು. ಎರಡು ದಿನ ನನಗೆ ಊಟ ಸೇರಲಿಲ್ಲ.

ಇಂಥದ್ದೇ ಕೆಲಸಕ್ಕೆ ಬೆಂಗಳೂರಿನ ಕಂಪನಿಯೊಂದು ವಿಡಿಯೋದಲ್ಲಿ ಸಂದರ್ಶನ ಮಾಡಿತು. "ನೀವು ಮಾಡಿದ ಕೆಲಸ ತೋರಿಸಿ" ಎಂದರು. ಸಾಹುಕಾರರ ಗಿರಾಕಿಗಳ ಹೆಸರು, ಬಾಕಿ ಇರುವ ಕಡತವನ್ನು ಹೇಗೆ ತೋರಿಸಲಿ? ಅಲ್ಲಿಗೇ ಮುಗಿಯಿತು. ಅತ್ತೆಯವರಿಗೆ ಡಯಾಲಿಸಿಸ್ ನಡೆಯುತ್ತಿರುವುದರಿಂದ ಊರು ಬಿಡಲು ಆಗುವುದಿಲ್ಲ. ಇಲ್ಲೇ ಕುಳಿತು ಈ ದಾರಿ ಹಿಡಿಯಬಹುದೇ? ಮುಂದೆ ಕಲಿಯಬೇಕಾದದ್ದು ಏನು?

ಬೀದರಿನವ, ಈಗ ಹೈದರಾಬಾದಿನಲ್ಲಿ

ಅಕ್ಕ, ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿ ಒಂಬತ್ತು ವರ್ಷ ಇದ್ದು ವರದಿ ಕೆಲಸಕ್ಕೆ ಬಂದವನು. ಮೊದಲ ವರ್ಷ ಸಂಬಳ ಇಳಿಯಿತು, ಅದನ್ನು ಈಗಲೇ ಹೇಳಿಬಿಡುತ್ತೇನೆ.

ಆರಂಭಕ್ಕೆ ಪವರ್ ಕ್ವೆರಿ (ಮಾಹಿತಿಯನ್ನು ತಂದು ಹಸನು ಮಾಡುವ ಸಾಧನ) ಹಿಡಿಯಿರಿ. ಎಕ್ಸೆಲ್ 2016ರಿಂದ ಅದು ಒಳಗೇ ಇದೆ, ಬೇರೆ ದುಡ್ಡಿಲ್ಲ. ನೀವು ಮಾಡಿದ ಒಂದೊಂದು ಹೆಜ್ಜೆಯೂ ಬದಿಯಲ್ಲಿ ಸಾಲಾಗಿ ನಿಲ್ಲುತ್ತದೆ. ಹೆಸರಿನ ಕೊನೆಯ ಖಾಲಿ ಜಾಗವನ್ನು 'ಟ್ರಿಮ್' ಒಂದೇ ಒತ್ತಿಗೆ ಕಿತ್ತು ಹಾಕುತ್ತದೆ, ಜೇವರ್ಗಿಯವರೂ ಬದುಕಿಕೊಳ್ಳುತ್ತಾರೆ.

ಆಮೇಲೆ ಎಸ್‌ಕ್ಯೂಎಲ್. ಕೋಷ್ಟಕಗಳಿಂದ ಬೇಕಾದ ಮಾಹಿತಿ ಕೇಳಿ ಪಡೆಯುವ ಭಾಷೆ ಅದು. ಹೆಸರಿಗೆ ಹೆದರಬೇಡಿ, ಅರ್ಧ ನಿಮಗೆ ಆಗಲೇ ಬರುತ್ತದೆ. ರೋಕಡಿಯಲ್ಲಿ (ನಗದು ಪುಸ್ತಕ) ದಿನವಹಿ ಬಿದ್ದದ್ದನ್ನು ಪಾರ್ಟಿವಾರು ಖತಾವಣಿಗೆ (ಖಾತೆ ಪುಸ್ತಕ) ಎತ್ತಿ ಮೊತ್ತ ಹಾಕುತ್ತೀರಲ್ಲ, ಅದೇ 'ಗ್ರೂಪ್ ಬೈ'. ನಮ್ಮ ಪುಸ್ತಕದಲ್ಲಿದ್ದು ಬ್ಯಾಂಕಿನ ಪಟ್ಟಿಯಲ್ಲಿ ಇನ್ನೂ ಬಾರದ ಚೆಕ್ಕುಗಳನ್ನು ಪ್ರತಿ ತಿಂಗಳು ಹುಡುಕುತ್ತೀರಲ್ಲ, ಪವರ್ ಕ್ವೆರಿಯಲ್ಲಿ ಅದಕ್ಕೆ 'ಲೆಫ್ಟ್ ಆಂಟಿ ಜಾಯಿನ್' ಎನ್ನುತ್ತಾರೆ. ನನ್ನ ತಂಡದ ಎಂಜಿನಿಯರ್ ಹುಡುಗನಿಗೆ ಇದನ್ನು ಚಿತ್ರ ಬರೆದು ವಿವರಿಸಬೇಕಾಯಿತು. ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯನ್ನು ಆಮೇಲೆ ನೋಡಿಕೊಳ್ಳಬಹುದು. ಹತ್ತು ವಿಡಿಯೋ ನೋಡಿ ಹತ್ತನ್ನೂ ಅರ್ಧಕ್ಕೆ ಬಿಟ್ಟವರನ್ನು ಬಹಳ ಕಂಡಿದ್ದೇನೆ.

ತೋರಿಸುವುದಕ್ಕೆ ಸಾಹುಕಾರರ ಕಡತ ಯಾಕೆ ಬೇಕು? ಸರ್ಕಾರದ ಮಾರುಕಟ್ಟೆ ದರದ ಜಾಲತಾಣ ಅಗ್‌ಮಾರ್ಕ್‌ನೆಟ್‌ನಲ್ಲಿ ಮಾರುಕಟ್ಟೆವಾರು ತೊಗರಿ ದರ ಸಿಗುತ್ತದೆ: ಕನಿಷ್ಠ, ಗರಿಷ್ಠ, ಮಾದರಿ ದರ (ಹೆಚ್ಚು ಮಾಲು ಮಾರಿದ ದರ), ಆವಕ. ಕಲಬುರಗಿ, ಬೀದರ್, ಯಾದಗಿರಿ ಪಕ್ಕಪಕ್ಕ ಇಟ್ಟು ಪವರ್ ಬಿಐ ಎಂಬ ವರದಿ ತಂತ್ರಾಂಶದಲ್ಲಿ ಒಂದು ಪುಟ ಮಾಡಿ. ಹಸಿ ಮಾಲು ಬಂದ ದಿನ ಕನಿಷ್ಠ ದರ ಯಾಕೆ ಕುಸಿಯುತ್ತದೆ ಎಂದು ಕೆಳಗೆ ಎರಡು ಸಾಲು ಬರೆಯಿರಿ. ಆ ಎರಡು ಸಾಲು ಬರೆಯಲು ಗಂಜಿನಲ್ಲಿ ಕೂತವರೇ ಬೇಕು.

ಯಾದಗಿರಿಯ ಆಡಿಟರ್

ತಂಗಿ, ನಾನು ಸ್ವಲ್ಪ ತಣ್ಣೀರೆರಚುತ್ತೇನೆ. ಮೇಲಿನವರು ಹೇಳಿದ್ದು ಸರಿ, ಆದರೆ ನಿಮ್ಮ ಜೇವರ್ಗಿ ಕಥೆಯಲ್ಲಿ ಟ್ರಿಮ್ ಮದ್ದಲ್ಲ. ನಾಳೆ ಇನ್ನೊಂದು ರೀತಿ ತಪ್ಪುತ್ತದೆ. ಪಟ್ಟಿಯ ಕೆಳಗೆ ಮೂರು ಸಾಲು ಹಾಕಿ: ಪಟ್ಟಿಯ ಒಟ್ಟು ಮೊತ್ತ, ಟ್ಯಾಲಿಯಲ್ಲಿ ಸಂಡ್ರಿ ಡೆಟರ್ಸ್ (ನಮಗೆ ಹಣ ಕೊಡಬೇಕಾದವರು) ಗುಂಪಿನ ಬಾಕಿ, ಎರಡರ ವ್ಯತ್ಯಾಸ. ವ್ಯತ್ಯಾಸ ಸೊನ್ನೆ ಆಗದೆ ಪ್ರಿಂಟ್ ಹೊರಗೆ ಬರಕೂಡದು. 14 ವರ್ಷ ರೊಕ್ಕದ ಪೆಟ್ಟಿಗೆ ತಾಳೆ ನೋಡದೆ ಮನೆಗೆ ಹೋದವರಲ್ಲ ನೀವು. ಕಂಪ್ಯೂಟರ್ ಮುಂದೆ ಕುಳಿತ ಕೂಡಲೇ ಅದನ್ನು ಯಾಕೆ ಬಿಟ್ಟಿರಿ?

ಇನ್ನೊಂದು ಮಾತು. ಟ್ಯಾಲಿಯಿಂದ ಓದಿಕೊಳ್ಳಿ, ಮ್ಯಾಕ್ರೋದಿಂದ ಅದರೊಳಗೆ ಬರೆಯಲು ಹೋಗಬೇಡಿ. ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಲೆಕ್ಕದ ತಂತ್ರಾಂಶದಲ್ಲಿ ತಿದ್ದುಪಡಿಯ ದಾಖಲೆ ಕಡ್ಡಾಯ. ಯಾರು, ಯಾವಾಗ, ಏನು ಬದಲಿಸಿದರು ಎಂಬುದೆಲ್ಲ ಅಲ್ಲಿ ಉಳಿಯುತ್ತದೆ. ಮ್ಯಾಕ್ರೋ ತಪ್ಪಿ ಇನ್ನೂರು ವೋಚರ್ ಹಾಕಿದರೆ ಉತ್ತರ ಹೇಳಬೇಕಾದವರು ನೀವು.

ಕೆಲಸ ಬಿಡಬೇಡಿ. ನಿಮ್ಮ ಗಂಜಿನಲ್ಲಿಯೇ ಎಷ್ಟು ಅಡತಿ (ದಲಾಲಿ) ಅಂಗಡಿಗಳಲ್ಲಿ ಭಾನುವಾರ ಯಾರೋ ಇದೇ ಪಟ್ಟಿ ಬರೆಯುತ್ತಾ ಕೂತಿದ್ದಾರೆ, ಒಮ್ಮೆ ಸುತ್ತಿ ನೋಡಿ.

ಗಂಜಿನ ಲೆಕ್ಕದಾಕೆ (ಕಲಬುರಗಿ)

ಇಬ್ಬರಿಗೂ ನಮಸ್ಕಾರ. ತೊಗರಿ ದರದ ಪುಟ ಅರ್ಧ ಆಗಿದೆ. ಪಕ್ಕದ ಅಡತಿ ಅಂಗಡಿಯವರಿಗೆ ತೋರಿಸಿದೆ. "ಇದೆಲ್ಲ ನಮಗೆ ಬಾಯಲ್ಲೇ ಇದೆ, ನಮ್ಮ ಉದ್ರಿ ಪಟ್ಟಿ ಮಾಡಿಕೊಡುವುದಕ್ಕೆ ಎಷ್ಟು ತೆಗೆದುಕೊಳ್ಳುತ್ತೀರಿ?" ಎಂದರು. ಎಷ್ಟು ಹೇಳಬೇಕೆಂದು ತಿಳಿಯದೆ ಚಹಾ ಕುಡಿದು ಬಂದೆ. ಬೀದರಿನ ತಮ್ಮ, ಇಂಥದ್ದಕ್ಕೆ ಏನು ಕೇಳಬೇಕು, ಹೇಳಿ.

ಆಡಿಟರ್ ಸರ್, ಆ ಮೂರು ಸಾಲನ್ನು ಅಂದೇ ಹಾಕಿದೆ. ಮೊದಲ ಸಲವೇ 18,400 ರೂಪಾಯಿ ವ್ಯತ್ಯಾಸ ತೋರಿಸಿತು. ರಾತ್ರಿ ಒಂಬತ್ತರವರೆಗೆ ಹುಡುಕಿದೆ. ಶಹಾಪುರದ ಒಬ್ಬರಿಗೆ ಟ್ಯಾಲಿಯಲ್ಲಿ ಎರಡು ಖಾತೆ ಇದ್ದವು, ಒಂದರಲ್ಲಿ 'ಶ', ಇನ್ನೊಂದರಲ್ಲಿ 'ಸ'. ಎರಡನೆಯದನ್ನು ತೆರೆದದ್ದು 2019ರಲ್ಲಿ. ತೆರೆದವಳು ನಾನೇ.