ಅಪ್ಪಚ್ಚಿಯ ಡಿ ಡ್ರೈವ್

ಕಾಸರಗೋಡಿನ ಬದಿಯಡ್ಕದ ಹತ್ತಿರ ಇರುವ ನಮ್ಮ ಮನೆಯ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕುವ ವಿಷಯದಲ್ಲಿ ಮನೆಯ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ಚರ್ಚೆ ನಡೆಯಿತು. ಸ್ವಲ್ಪ ಜೋರಾಗಿಯೇ ನಡೆಯಿತು. ಇದೇ ತೊಂದರೆ ಇನ್ನೂ ಕೆಲವರಿಗೆ ಬರಬಹುದು. ಅದಕ್ಕೆ ಎಲ್ಲರನ್ನೂ ಕೇಳಿ ಇಲ್ಲಿ ಹಾಕುತ್ತಿದ್ದೇನೆ. ಹೆಸರು ತೆಗೆದು, ನಾನು ಅವರನ್ನು ಕರೆಯುವ ಹಾಗೆ ಬರೆದಿದ್ದೇನೆ. ನಮ್ಮ ಮನೆಮಾತು ಹವ್ಯಕ. ಗುಂಪಿನಲ್ಲಿ ಬೇರೆ ಕಡೆಯ ಸೊಸೆಯಂದಿರೂ ಇರುವುದರಿಂದ ಬರೆಯುವುದು ಎಲ್ಲರ ಕನ್ನಡ.

ಅಪ್ಪಚ್ಚಿ (ಅಪ್ಪನ ತಮ್ಮ) 20 ವರ್ಷದಿಂದ ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತಿದ್ದಾರೆ. ಮದುವೆ, ಉಪನಯನ, ಜಾತ್ರೆಯ ಆಮಂತ್ರಣ, ಯಕ್ಷಗಾನದ ಕರಪತ್ರ. ಎಲ್ಲವೂ ಪೇಜ್‌ಮೇಕರ್ ಎಂಬ ಹಳೆಯ ಪುಟ ಜೋಡಿಸುವ ಪ್ರೋಗ್ರಾಮಿನಲ್ಲಿ. ಅದು ವಿಂಡೋಸ್ 10ರಲ್ಲಿ ಹೇಗೋ ಓಡುತ್ತಿದೆ. ಆದರೆ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ 10 ಅನ್ನು ಮುಟ್ಟದೆ, ಪಕ್ಕದ ಪಾರ್ಟಿಷನ್‌ನಲ್ಲಿ (ಡಿಸ್ಕಿನ ಒಂದು ಭಾಗ; ಸಿ, ಡಿ ಎಂಬ ಅಕ್ಷರ ಇರುವುದು ಇವಕ್ಕೇ) 11 ಹಾಕೋಣ ಎಂದು ತಮ್ಮ ಹೊರಟ. ಇಂಟರ್‌ನೆಟ್ಟಿನ ಕೆಲಸ 11ರಲ್ಲಿ, ಪೇಜ್‌ಮೇಕರ್ 10ರಲ್ಲಿ. ಅಷ್ಟರಲ್ಲಿ ಭಾವ ಒಂದು ಚೀಟಿ ಹಾಕಿದರು.

ಶುಕ್ರವಾರ ರಾತ್ರಿ

ಭಾವ: ಹಳೆಯ ವಿಂಡೋಸ್ ಎಕ್ಸ್‌ಪಿ ಇದ್ದ ಮೆಷಿನಿಗೆ ನಾನೇ ವಿಂಡೋಸ್ 7 ಹಾಕಿದಾಗ ಬರೆದಿಟ್ಟ ಚೀಟಿ ಸಿಕ್ಕಿತು. ಫೋಟೋ ಹಾಕಿದ್ದೇನೆ. ಓದಲು ಕಷ್ಟವಾದರೆ ಇಲ್ಲಿದೆ. ಮೊದಲು ಡೇಟಾ ಡ್ರೈವಿನ ಅಕ್ಷರವನ್ನು ಡಿ ಬದಲು ಎಫ್ ಮಾಡಬೇಕು. ಹೊಸ ಪಾರ್ಟಿಷನ್‌ಗೆ ಡಿ ಕೊಡಬೇಕು. ಆಮೇಲೆ ಹಳೆ ವಿಂಡೋಸ್ ಓಡುತ್ತಿರುವಾಗಲೇ ಸೆಟಪ್ (ವಿಂಡೋಸ್ ಹಾಕುವ ಪ್ರೋಗ್ರಾಂ) ಕ್ಲಿಕ್ ಮಾಡಿ, ಡಿ ಆರಿಸಬೇಕು. ಪೆನ್‌ಡ್ರೈವಿನಿಂದ ಬೂಟ್ ಮಾಡಬಾರದು, ಅಂದರೆ ಮೆಷಿನನ್ನು ಅದರಿಂದ ಶುರು ಮಾಡಬಾರದು.

ತಮ್ಮ: ಒಳ್ಳೆಯದಾಯಿತು ಭಾವ. ನಾಳೆ ಬೆಳಿಗ್ಗೆ ಮನೆಗೆ ಹೋಗುತ್ತೇನೆ. ಹೀಗೇ ಮಾಡುತ್ತೇನೆ.

ನಾನು: ತಮ್ಮಾ, ನಿಲ್ಲು. ಹಾಗೆ ಮಾಡಬೇಡ. ಭಾವ, ಬೇಸರ ಮಾಡಬೇಡಿ. ನಿಮ್ಮ ಚೀಟಿ 7ರ ಕಾಲಕ್ಕೆ ಸರಿ. ಈಗ ಅದರಂತೆ ಹೋದರೆ ಅಪ್ಪಚ್ಚಿಯ ಕೆಲಸ ನಿಲ್ಲುತ್ತದೆ.

ಭಾವ: ಹೇಗೆ? ನನ್ನ ಮೆಷಿನಿನಲ್ಲಿ ಆರು ವರ್ಷ ಒಂದು ತೊಂದರೆ ಬರಲಿಲ್ಲ.

ನಾನು: ಡಿ ಎಂಬುದು ಅಪ್ಪಚ್ಚಿಗೆ ಬರೀ ಅಕ್ಷರ ಅಲ್ಲ. ಪೇಜ್‌ಮೇಕರ್ ಫೈಲಿನ ಒಳಗೆ ಫೋಟೋ ಎಲ್ಲಿದೆ ಎಂಬ ದಾರಿ ಇರುತ್ತದೆ. ಡಿ, ಅದರೊಳಗೆ ಚಿತ್ರಗಳು, ಅದರೊಳಗೆ ಗಣಪತಿ. ಹೀಗೆ. ಡಿ ಅನ್ನು ಎಫ್ ಮಾಡಿದ ಕೂಡಲೇ ಆ ದಾರಿ ತಪ್ಪುತ್ತದೆ. ಹಳೆಯ ಆಮಂತ್ರಣ ತೆರೆದರೆ ಚಿತ್ರ ಸಿಗುತ್ತಿಲ್ಲ ಎನ್ನುತ್ತದೆ. ಒಂದೊಂದಕ್ಕೂ ಕೂತು ಮತ್ತೆ ತೋರಿಸಬೇಕು.

ಅಪ್ಪಚ್ಚಿ: ಅದು ಬೇಡ. ನನ್ನಲ್ಲಿ ಸಾವಿರಕ್ಕಿಂತ ಜಾಸ್ತಿ ಫೈಲ್ ಇದೆ. ಪ್ರತಿ ವರ್ಷ ಹಳೆಯದನ್ನೇ ತೆರೆದು ದಿನಾಂಕ ಬದಲಿಸುವುದು. ಡಿ ಯನ್ನು ಯಾರೂ ಮುಟ್ಟಬೇಡಿ.

ಭಾವ: ಸರಿ, ಆ ಭಾಗ ಬಿಡೋಣ. ಡಿ ಡಿಯಾಗಿಯೇ ಇರಲಿ. ಹೊಸದಕ್ಕೆ ಇ ಕೊಡಿ. ಆದರೆ ಸೆಟಪ್ ಒಳಗಿಂದಲೇ ಆಗಬೇಕು. ಆಗ ಹೊಸ ವಿಂಡೋಸ್ ತಾನು ಇ ಯಲ್ಲಿದ್ದೇನೆ ಎಂದೇ ತಿಳಿಯುತ್ತದೆ. ಪೆನ್‌ಡ್ರೈವಿನಿಂದ ಬೂಟ್ ಮಾಡಿದರೆ ಅದು ತನ್ನನ್ನು ಸಿ ಎಂದು ಕರೆದುಕೊಳ್ಳುತ್ತದೆ. ಒಂದು ಮೆಷಿನಿನಲ್ಲಿ ಎರಡು ಸಿ! ಅಪ್ಪಚ್ಚಿ ಫೋನ್ ಮಾಡಿ "ಸಿ ತುಂಬಿದೆ" ಎಂದರೆ ನಾನು ಯಾವ ಸಿ ಎಂದು ತಿಳಿಯಲಿ?

ಈ ಮಾತಿನಲ್ಲಿ ತೂಕ ಇದೆ. ವಿಂಡೋಸ್ ವಿಸ್ಟಾ, 7ರ ಕಾಲದಲ್ಲಿ ಹಾಗೇ ಇತ್ತು. ಡಿವಿಡಿಯಿಂದ ಬೂಟ್ ಮಾಡಿ ಹಾಕಿದರೆ ಹೊಸದು ಸಿ. ಹಳೆಯದರ ಒಳಗಿಂದ ಹಾಕಿದರೆ, ಹಳೆಯದು ಆ ಜಾಗವನ್ನು ಯಾವ ಅಕ್ಷರದಿಂದ ಕರೆಯುತ್ತಿತ್ತೋ ಅದೇ ಅಕ್ಷರ. ಎರಡೂ ಕಡೆ ಎಲ್ಲ ಅಕ್ಷರ ಒಂದೇ ಆಗಿರುವುದು ನೋಡಲು ಚಂದ. ಭಾವ ಅಚ್ಚುಕಟ್ಟಿನ ಮನುಷ್ಯ. ಅವರು ಅದನ್ನು ಬಿಟ್ಟುಕೊಡಲು ಸಿದ್ಧ ಇರಲಿಲ್ಲ.

ನಾನು: ಭಾವ, 8 ಬಂದ ಮೇಲೆ ಅದು ಬದಲಾಗಿದೆ. ಈಗ ಓಡುತ್ತಿರುವ ವಿಂಡೋಸಿನ ಒಳಗೆ ಸೆಟಪ್ ಕ್ಲಿಕ್ ಮಾಡಿದರೆ ಅದು "ಯಾವ ಪಾರ್ಟಿಷನ್" ಎಂದು ಕೇಳುವುದೇ ಇಲ್ಲ. "ಏನೇನು ಉಳಿಸಿಕೊಳ್ಳಲಿ" ಎಂದು ಮಾತ್ರ ಕೇಳುತ್ತದೆ. ಅಂದರೆ 10ರ ಮೇಲೆಯೇ 11 ಕೂರುತ್ತದೆ. ಪಕ್ಕದಲ್ಲಿ ಅಲ್ಲ.

ತಮ್ಮ: ಅಯ್ಯೋ. ಅಂದರೆ ಪೇಜ್‌ಮೇಕರ್ ಇರುವ 10 ಹೋಗುತ್ತಿತ್ತು?

ನಾನು: ಹೌದು. ನೀನು ಮುಂದೆ, ಮುಂದೆ ಎಂದು ಒತ್ತುತ್ತಾ ಹೋಗಿದ್ದರೆ.

ಭಾವ: ಪೆನ್‌ಡ್ರೈವಿನ ಸೋರ್ಸಸ್ ಫೋಲ್ಡರಿನಲ್ಲಿ ಇನ್ನೊಂದು ಸೆಟಪ್ ಇದೆ. ಅದು ಜಾಗ ಕೇಳುತ್ತದೆ ಎಂದು ಕೇಳಿದ್ದೇನೆ.

ನಾನು: ಇದೆ. ಆದರೆ ಹೊರಗೆ ಒಂದು ಸೆಟಪ್, ಒಳಗೆ ಒಂದು ಸೆಟಪ್. ಎರಡರ ಹೆಸರೂ ಒಂದೇ. ಕೈ ತಪ್ಪಿದರೆ ಹೋಯಿತು. ಅಲ್ಲದೆ ವಿಂಡೋಸ್ ಸಿ ಯಲ್ಲೇ ಇದೆ ಎಂದು ನಂಬಿ ಬರೆದ ಪ್ರೋಗ್ರಾಂ ಈಗಲೂ ಬೇಕಾದಷ್ಟಿವೆ. ಪ್ರಿಂಟರಿನ ಸಾಫ್ಟ್‌ವೇರ್, ಫಾಂಟ್ ಹಾಕುವ ಹಳೆಯ ಸಾಧನ ಎಲ್ಲ. ಇ ಯಲ್ಲಿ ಕೂತರೆ ಯಾವಾಗಲೋ ಒಂದು ದಿನ ತಕರಾರು ಮಾಡುತ್ತವೆ. ಆಮೇಲೆ ತಿದ್ದುವ ಹಾಗೂ ಇಲ್ಲ. ವಿಂಡೋಸ್ ಕೂತ ಡ್ರೈವಿನ ಅಕ್ಷರವನ್ನು ಡಿಸ್ಕ್ ಮ್ಯಾನೇಜ್‌ಮೆಂಟ್ (ಡಿಸ್ಕಿನ ಭಾಗಗಳನ್ನು ನೋಡಿಕೊಳ್ಳುವ ವಿಂಡೋಸಿನದೇ ಸಾಧನ) ಬದಲಿಸಲು ಬಿಡುವುದಿಲ್ಲ. ಹಾಕುವಾಗಲೇ ಆ ಅಕ್ಷರ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಟ್ಟುಕೊಳ್ಳುವ ಜಾಗ) ಸಾವಿರಾರು ಕಡೆ ಬರೆದು ಹೋಗಿರುತ್ತದೆ.

ಭಾವ: ಹಾಗಾದರೆ ಎರಡು ಸಿ ಗೆ ಏನು ಹೇಳುತ್ತೀ?

ನಾನು: ನಮ್ಮ ಕೆಳಗಿನ ತೋಟ ಇದೆಯಲ್ಲ. ನಾವು ಅದನ್ನು ಕೆಳಗಿನ ತೋಟ ಎನ್ನುತ್ತೇವೆ. ಹೊಳೆಯ ಬದಿಯ ಮನೆಯವರು ಅದನ್ನೇ ಮೇಲಿನ ತೋಟ ಎನ್ನುತ್ತಾರೆ. ಇಬ್ಬರದೂ ತಪ್ಪಲ್ಲ. ಸರ್ವೆ ನಂಬರ್ ಒಂದೇ. ಡ್ರೈವಿನ ಅಕ್ಷರವೂ ಹಾಗೆಯೇ. ಅದು ಡಿಸ್ಕಿನ ಮೇಲೆ ಬರೆದದ್ದಲ್ಲ. ಪ್ರತಿ ವಿಂಡೋಸ್ ತನ್ನ ರಿಜಿಸ್ಟ್ರಿಯಲ್ಲಿ ಮೌಂಟೆಡ್ ಡಿವೈಸಸ್ ಎಂಬಲ್ಲಿ ಈ ಪಾರ್ಟಿಷನ್‌ಗೆ ಈ ಅಕ್ಷರ ಎಂದು ಬರೆದಿಟ್ಟುಕೊಳ್ಳುತ್ತದೆ. 10ರ ಪಟ್ಟಿ 10ಕ್ಕೆ, 11ರ ಪಟ್ಟಿ 11ಕ್ಕೆ. ಒಂದರಲ್ಲಿ ಬದಲಿಸಿದರೆ ಇನ್ನೊಂದಕ್ಕೆ ಗೊತ್ತೇ ಆಗುವುದಿಲ್ಲ. ಆದರೆ ಪಾರ್ಟಿಷನ್‌ಗೆ ಕೊಟ್ಟ ಹೆಸರು ಹಾಗಲ್ಲ. ಅದು ಆ ಪಾರ್ಟಿಷನ್‌ನಲ್ಲೇ ಇರುತ್ತದೆ. ಯಾವ ವಿಂಡೋಸಿನಿಂದ ನೋಡಿದರೂ ಅದೇ ಹೆಸರು. ಅಪ್ಪಚ್ಚಿ ಫೋನಿನಲ್ಲಿ ಅಕ್ಷರ ಹೇಳುವುದು ಬೇಡ, ಹೆಸರು ಹೇಳಲಿ.

ಅಣ್ಣನ ಮಗಳು: ಅತ್ತೆ, ನಮ್ಮ ಶಾಲೆಯ ಲ್ಯಾಬಿನಲ್ಲಿ ಸಿ, ಡಿ ಏನೂ ಇಲ್ಲ. ಅಲ್ಲಿರುವುದು ವಿಂಡೋಸ್ ಅಲ್ಲ, ಕೇರಳ ಸರ್ಕಾರದ ಕೈಟ್‌ನವರ ಉಬುಂಟು. ಅದರಲ್ಲಿ ಎಲ್ಲವೂ ಫೋಲ್ಡರಿನ ಹಾಗೆ ಕಾಣುತ್ತದೆ. ವಿಂಡೋಸಿನಲ್ಲಿ ಮಾತ್ರ ಸಿ ಯಿಂದ ಯಾಕೆ ಶುರು? ಎ, ಬಿ ಎಲ್ಲಿ?

ನಾನು: ಒಳ್ಳೆಯ ಪ್ರಶ್ನೆ. 1981ರಲ್ಲಿ ಐಬಿಎಂ ಪಿಸಿ ಬಂದಾಗ ಅದಕ್ಕೆ ಇದ್ದದ್ದು ಫ್ಲಾಪಿ. ಎ ಮತ್ತು ಬಿ ಎರಡು ಫ್ಲಾಪಿಗೆ. 1983ರ ಪಿಸಿ ಎಕ್ಸ್‌ಟಿ ಜೊತೆ 10 ಎಂಬಿ ಹಾರ್ಡ್ ಡಿಸ್ಕ್ ಬಂತು. ಅದಕ್ಕೆ ಮುಂದಿನ ಅಕ್ಷರ ಸಿ ಸಿಕ್ಕಿತು. ಫ್ಲಾಪಿ ಹೋದರೂ ಅಕ್ಷರ ಉಳಿಯಿತು.

ಭಾವ: ಹೆಸರಿನ ಮಾತು ಒಪ್ಪುತ್ತೇನೆ. ಆದರೂ ಡೇಟಾ ಒಂದು ಕಡೆ ಡಿ, ಇನ್ನೊಂದು ಕಡೆ ಇ ಆಗುವುದು ನನಗೆ ಸರಿ ಕಾಣುವುದಿಲ್ಲ.

ನಾನು: ಅದರಲ್ಲಿ ನೀವು ಹೇಳುವುದು ಪೂರ್ತಿ ಸರಿ ಭಾವ. ವಿಂಡೋಸ್ ಕೂತ ಜಾಗಕ್ಕೆ ಅದು ತನ್ನನ್ನು ಏನು ಬೇಕಾದರೂ ಕರೆದುಕೊಳ್ಳಲಿ. ನಮ್ಮ ಕೆಲಸ ಇರುವ ಜಾಗಕ್ಕೆ ಮಾತ್ರ ಎರಡರಲ್ಲೂ ಒಂದೇ ಅಕ್ಷರ ಇರಬೇಕು. ನಾಳೆ 11ರಲ್ಲಿ ಪೇಜ್‌ಮೇಕರ್ ಹಾಕಿ ನೋಡುವ ದಿನ ಬಂದರೆ ಆಗಲೂ ಡಿ ಡಿಯಾಗಿಯೇ ಸಿಗಬೇಕು. ಅದನ್ನು 11 ಹಾಕಿ ಆದ ಮೇಲೆ, ಅದರ ಒಳಗೆ ಕೂತು ಸರಿ ಮಾಡಬಹುದು.

ದೊಡ್ಡಮ್ಮ: ನನಗೆ ಈ ಸಿ ಡಿ ಅರ್ಥ ಆಗುವುದಿಲ್ಲ. ಅದರಲ್ಲಿ ಅಜ್ಜ ತಾಳಮದ್ದಳೆಯಲ್ಲಿ ಅರ್ಥ ಹೇಳಿದ ಧ್ವನಿ ಇದೆ. ಅದು ಇನ್ನೆಲ್ಲಾದರೂ ಇದೆಯಾ?

ಹತ್ತು ನಿಮಿಷ ಗುಂಪಿನಲ್ಲಿ ಯಾರೂ ಬರೆಯಲಿಲ್ಲ. ಆ ಧ್ವನಿ ಬೇರೆ ಎಲ್ಲೂ ಇರಲಿಲ್ಲ. ನಾವು ಅಷ್ಟು ಹೊತ್ತು ಅಕ್ಷರಕ್ಕೆ ಜಗಳ ಮಾಡಿದ್ದೆವು. ಮೊದಲು ಕೇಳಬೇಕಾದದ್ದನ್ನು ದೊಡ್ಡಮ್ಮ ಕೇಳಿದರು.

ತಮ್ಮ: ಇಲ್ಲ ದೊಡ್ಡಮ್ಮ. ನಾಳೆ ಹೋದ ಕೂಡಲೇ ಡಿ ಪೂರ್ತಿ ನನ್ನ ಹೊರಗಿನ ಡಿಸ್ಕಿಗೆ ಕಾಪಿ ಮಾಡುತ್ತೇನೆ. ಅದು ಆಗುವವರೆಗೆ ಬೇರೆ ಏನೂ ಮುಟ್ಟುವುದಿಲ್ಲ.

ನಾನು: ಕಾಪಿ ಆದ ಮೇಲೆ ಧ್ವನಿ ಹಾಕಿ ಕೇಳಿ ನೋಡು. ಆ ಡಿಸ್ಕ್ ಕಳಚಿ ಕಪಾಟಿನಲ್ಲಿಡು. ಸೆಟಪ್ ಮಾಡುವಾಗ ಅದು ಮೆಷಿನಿಗೆ ಸಿಕ್ಕಿಸಿರಬಾರದು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನನ್ನ ಮದುವೆಯ ಫೋಟೋ ಹೋದದ್ದು ಹೀಗೆಯೇ. ಒಂದು ಅಂಗಡಿಯಲ್ಲಿ ವಿಂಡೋಸ್ ಹಾಕಲು ಕೊಟ್ಟಿದ್ದೆವು. ಸಿ ಫಾರ್ಮ್ಯಾಟ್ ಮಾಡಿ, ಡಿ ಬೇಡ ಎಂದು ಹೇಳಿಯೂ ಇದ್ದೆ. ಆದರೆ ಬೂಟ್ ಮಾಡಿ ಹಾಕುವಾಗ ಸೆಟಪ್ಪಿನ ಪಟ್ಟಿಯಲ್ಲಿ ಸಿ, ಡಿ ಎಂದು ಕಾಣುವುದೇ ಇಲ್ಲ. ಡ್ರೈವ್ 0 ಪಾರ್ಟಿಷನ್ 1, 2, 3 ಎಂದು ಕಾಣುತ್ತದೆ, ಪಕ್ಕದಲ್ಲಿ ಗಾತ್ರ. ನಮ್ಮ ಎರಡೂ ಪಾರ್ಟಿಷನ್ ಹೆಚ್ಚು ಕಡಿಮೆ ಒಂದೇ ಗಾತ್ರ. ಹೆಸರೂ ಕೊಟ್ಟಿರಲಿಲ್ಲ. ಕೆಲಸ ಮಾಡಿದ ಹುಡುಗ ತಪ್ಪಾದ್ದನ್ನು ಒತ್ತಿದ. ಅಪ್ಪ ಇದ್ದ ಕೊನೆಯ ಸಮಾರಂಭದ ಫೋಟೋಗಳು ಅವು.

ಶನಿವಾರ

ತಮ್ಮ: ಕಾಪಿ ಆಯಿತು. ಅಜ್ಜನ ಧ್ವನಿ ಕೇಳಿದೆ, ಸರಿ ಇದೆ. ಈಗ ಹೇಳು ಅಕ್ಕಾ. ಒಟ್ಟು 476 ಜಿಬಿ. ಸಿ 146, ಡಿ 330.

ನಾನು: ಡಿ ಯಿಂದ 100 ಜಿಬಿ ತೆಗೆ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಡಿ ಮೇಲೆ ಬಲ ಕ್ಲಿಕ್, ಶ್ರಿಂಕ್. ಅಲ್ಲಿ ಎಂಬಿಯಲ್ಲಿ ಕೇಳುತ್ತದೆ, 102400 ಕೊಡು. 11ಕ್ಕೆ ಕನಿಷ್ಠ 64 ಜಿಬಿ ಬೇಕು ಎಂದು ಮೈಕ್ರೋಸಾಫ್ಟ್ ಹೇಳುತ್ತದೆ, 100 ಇದ್ದರೆ ಆರಾಮ. ಆ ಖಾಲಿ ಜಾಗದಲ್ಲಿ ಹೊಸ ಪಾರ್ಟಿಷನ್ ಮಾಡಿ ಅಲ್ಲೇ ಫಾರ್ಮ್ಯಾಟ್ ಮಾಡಿಬಿಡು. ಹೆಸರು ಹೊಸ11. ಸಿ ಗೆ ಹಳೆ10, ಡಿ ಗೆ ಕೆಲಸ. ಇಂಗ್ಲಿಷ್ ಅಕ್ಷರದಲ್ಲೇ ಬರೆ.

ತಮ್ಮ: ಆಯಿತು. 100 ಎಂಬಿಯ ಒಂದು ಸಣ್ಣ ಪಾರ್ಟಿಷನ್ ಇದೆ. ಅಕ್ಷರವೇ ಇಲ್ಲ. ಅದು ಬೇಕಾ?

ನಾನು: ಬೇಕೇ ಬೇಕು. ಅದು ಇಎಫ್‌ಐ ಪಾರ್ಟಿಷನ್. ಬೂಟ್ ಆಗುವುದು ಅದರಿಂದ. ಎರಡೂ ವಿಂಡೋಸಿಗೆ ಅದೊಂದೇ. ಅಳಿಸಬೇಡ, ಅಕ್ಷರವನ್ನೂ ಕೊಡಬೇಡ.

ಭಾವ: 10ರಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆದೆಯಾ? ಅದು ಇದ್ದರೆ ಶಟ್‌ಡೌನ್ ಪೂರ್ತಿ ಆಗುವುದಿಲ್ಲ. ಆಮೇಲೆ 11ರಿಂದ ಡಿ ಗೆ ಬರೆದರೆ ಫೈಲ್ ಹಾಳಾಗಬಹುದು.

ನಾನು: ಇದು ನನಗೆ ಹೊಳೆದಿರಲಿಲ್ಲ ಭಾವ. ತಮ್ಮಾ, ತೆಗೆ. 11ರಲ್ಲೂ ತೆಗೆಯಬೇಕು.

ತಮ್ಮ: ತೆಗೆದೆ. ಪೆನ್‌ಡ್ರೈವಿನಿಂದ ಬೂಟ್ ಮಾಡಿದೆ. ಪಟ್ಟಿಯಲ್ಲಿ ಅಕ್ಷರ ಇಲ್ಲ, ನೀನು ಹೇಳಿದ ಹಾಗೆಯೇ. ಆದರೆ ನಾವು ಕೊಟ್ಟ ಹೆಸರು ಕಾಣುತ್ತಿದೆ! ಹೊಸ11, 100 ಜಿಬಿ.

ನಾನು: ಅದನ್ನು ಆರಿಸು, ಮುಂದೆ ಒತ್ತು. ಫಾರ್ಮ್ಯಾಟ್, ಡಿಲೀಟ್ ಎರಡರ ಹತ್ತಿರವೂ ಹೋಗಬೇಡ. ಫಾರ್ಮ್ಯಾಟ್ ಆಗಲೇ ಆಗಿದೆ.

ಒಂದು ಗಂಟೆಯ ನಂತರ

ತಮ್ಮ: 11 ಬಂತು. ಆನ್ ಮಾಡುವಾಗ 10 ಬೇಕಾ, 11 ಬೇಕಾ ಎಂದು ಕೇಳುತ್ತದೆ. 11ರಲ್ಲಿ ನೋಡಿದರೆ ಹೊಸ11 ಸಿ, ಹಳೆ10 ಡಿ, ಕೆಲಸ ಇ.

ಭಾವ: ನಾನು ಹೆದರಿದ್ದು ಇದಕ್ಕೇ. ಅಪ್ಪಚ್ಚಿ 11ರಲ್ಲಿ ಡಿ ತೆರೆದರೆ ಹಳೆ ವಿಂಡೋಸಿನ ಫೈಲುಗಳು! ಅಲ್ಲಿ ಏನಾದರೂ ಅಳಿಸಿದರೆ ಮುಗಿಯಿತು.

ನಾನು: ಈಗಲೇ ಸರಿ ಮಾಡೋಣ. ಕ್ರಮ ಮುಖ್ಯ. ಡಿ ಖಾಲಿ ಇಲ್ಲದೆ ಕೆಲಸಕ್ಕೆ ಡಿ ಕೊಡಲು ಬರುವುದಿಲ್ಲ. ಮೊದಲು ಹಳೆ10ರ ಅಕ್ಷರ ತೆಗೆ. ಬದಲಿಸುವುದಲ್ಲ, ತೆಗೆಯುವುದು. ರಿಮೂವ್ ಎಂದಿದೆ. ಎಚ್ಚರಿಕೆ ಬರುತ್ತದೆ, ಸರಿ ಎನ್ನು. ಒಳಗಿನ ಫೈಲಿಗೆ ಏನೂ ಆಗುವುದಿಲ್ಲ. ಫೈಲ್ ಎಕ್ಸ್‌ಪ್ಲೋರರಿನಲ್ಲಿ ಕಾಣುವುದಿಲ್ಲ ಅಷ್ಟೆ. ಆಮೇಲೆ ಕೆಲಸವನ್ನು ಇ ಯಿಂದ ಡಿ ಮಾಡು. ಇಷ್ಟಾದ ಮೇಲೆ 10ಕ್ಕೆ ಹೋಗಿ ಅಲ್ಲಿ ಹೊಸ11ರ ಅಕ್ಷರ ತೆಗೆ.

ಭಾವ: ಅಂದರೆ 10ಕ್ಕೆ 11 ಕಾಣುವುದಿಲ್ಲ, 11ಕ್ಕೆ 10 ಕಾಣುವುದಿಲ್ಲ. ಎರಡಕ್ಕೂ ಡಿ ಒಂದೇ.

ನಾನು: ಹೌದು. ಅಪ್ಪಚ್ಚಿಗೆ ಯಾವಾಗ ನೋಡಿದರೂ ಒಂದು ಸಿ, ಒಂದು ಡಿ.

ತಮ್ಮ: ಎರಡೂ ಕಡೆ ಆಯಿತು. 10ರಲ್ಲಿ ಡಿ ಮೊದಲಿದ್ದ ಹಾಗೆಯೇ ಇದೆ. ಅಪ್ಪಚ್ಚಿ ಕೂತಿದ್ದಾರೆ.

ಅಪ್ಪಚ್ಚಿ: ಕಳೆದ ವರ್ಷದ ಷಷ್ಠಿಯ ಆಮಂತ್ರಣ ತೆರೆದೆ. ಗಣಪತಿಯ ಚಿತ್ರ ಬಂತು. ಸುಬ್ರಹ್ಮಣ್ಯನ ಚಿತ್ರವೂ ಬಂತು. ಏನೂ ಕೇಳಲಿಲ್ಲ.

ದೊಡ್ಡಮ್ಮ: ಅಜ್ಜನ ಧ್ವನಿ?

ಅಪ್ಪಚ್ಚಿ: ಇದೆ ಅತ್ತಿಗೆ. ಈಗ ಹಾಕಿದ್ದೇನೆ. ಜಗಲಿಯಲ್ಲಿ ಕೂತವರಿಗೂ ಕೇಳಿಸುತ್ತಿದೆ.

ಭಾವ: ನಾನು ಹಾಕಿದ ಚೀಟಿಯನ್ನು ಗುಂಪಿನಿಂದ ಅಳಿಸಿದ್ದೇನೆ. ಯಾರಾದರೂ ಸೇವ್ ಮಾಡಿಕೊಂಡಿದ್ದರೆ ದಯವಿಟ್ಟು ಅಳಿಸಿಬಿಡಿ, ಬೇರೆಯವರಿಗೆ ಕಳಿಸಬೇಡಿ. ತಮ್ಮಾ, ಇವತ್ತು ಮಾಡಿದ ಕ್ರಮವನ್ನು ಒಂದು ಕಾಗದದಲ್ಲಿ ಬರೆದು ಆ ಮೆಷಿನಿನ ಪಕ್ಕ ಅಂಟಿಸು. ಅದರ ಫೋಟೋ ಇಲ್ಲಿ ಹಾಕು.